ಮಗಳು ಕೂರುವ ಕಡೆಯ ಚಕ್ರ

ಹೊಸೂರಿನ ಹತ್ತಿರದ ಬಾಗಲೂರಿನಿಂದ ನಮ್ಮ ಹಳ್ಳಿಗೆ ಬರುವ ದಾರಿ ಹೇಗಿದೆ ಎಂದು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಒಂದು ಸಲ ಬಂದು ಹೋದವರ ಸೊಂಟವೇ ಹೇಳುತ್ತದೆ. ಮಳೆ ಬಿದ್ದರೆ ಕೆಸರು, ಬಿಸಿಲು ಬಂದರೆ ಧೂಳು, ಎರಡಕ್ಕೂ ಜಗ್ಗದೆ ಉಳಿಯುವುದು ಗುಂಡಿಗಳು ಮಾತ್ರ. ಬಸುರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ ಮನೆಯವರಿಗೆಲ್ಲ ಈ ಗುಂಡಿಗಳದ್ದೇ ಚಿಂತೆ.

ಗೋಪಾಲಪ್ಪನಿಗೂ ಅದೇ ಚಿಂತೆ. ಅವನ ಒಬ್ಬಳೇ ಮಗಳು ಗಂಗಾದೇವಿ ಕೃಷ್ಣಗಿರಿಯಲ್ಲಿ ಗಂಡನ ಮನೆಯಲ್ಲಿದ್ದಳು. ಏಳು ತಿಂಗಳು ತುಂಬಿತ್ತು. ಮಾರನೆಯ ದಿನ ಅವಳನ್ನು ಬಾಣಂತನಕ್ಕೆ ತವರಿಗೆ ಕರೆತರಬೇಕು. ಮೊದಲ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಡಾಕ್ಟರಮ್ಮ, "ಕರ್ಕೊಂಡ್ ಹೋಗಿ, ಆದ್ರೆ ಜಾಸ್ತಿ ಕುಲುಕಾಟ ಬೇಡ" ಎಂದಿದ್ದರು. ಆ ಒಂದು ಮಾತು ಗೋಪಾಲಪ್ಪನ ತಲೆಯಲ್ಲಿ ಬೇರು ಬಿಟ್ಟು ಕೂತಿತ್ತು.

ಅಂಗಳದಲ್ಲಿ ಅವನ ಬಿಳಿ ಕಾರು ನಿಂತಿತ್ತು. ಯಾರೋ ಓಡಿಸಿ ಬಿಟ್ಟಿದ್ದೇ ಆದರೂ ಅವನ ಪಾಲಿಗೆ ಹೊಸದು. ಅಮಾವಾಸ್ಯೆ ಬಂದರೆ ಸಾಕು, ಕಾರು ತೊಳೆದು, ಅರಿಶಿನ ಕುಂಕುಮ ಹಚ್ಚಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು ಹತ್ತಿಸುತ್ತಿದ್ದ. ಚಕ್ರಗಳಿಗೆ ನಿಂಬೆಹಣ್ಣು ಒಂದು ಸಲವೂ ತಪ್ಪಿದ್ದಿಲ್ಲ. ಅವುಗಳೊಳಗೆ ಗಾಳಿ ಎಷ್ಟಿದೆ ಎಂದು ಮಾತ್ರ ಪುಣ್ಯಾತ್ಮ ಒಂದು ಸಲವೂ ನೋಡಿರಲಿಲ್ಲ.

ಊಟ ಮಾಡಿ ಹೊಂಗೆಮರದ ನೆರಳಲ್ಲಿ ಕುಳಿತವನಿಗೆ ಕಣ್ಣು ಎಳೆಯಿತು. ಎಲೆಗಳ ಸಂದಿಯಿಂದ ಬಿಸಿಲು ಮುಖದ ಮೇಲೆ ಹೊರಳಾಡುತ್ತಿತ್ತು. ಅರೆನಿದ್ದೆಯಲ್ಲಿ ಅವನ ಕಾರು ನೆಲ ಮುಟ್ಟದೆ ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗಳು ತಲೆ ವಾಲಿಸಿ ನಿದ್ದೆ ಹೋಗಿದ್ದಳು. ಸೂಳಗಿರಿಯ ಬಂಡೆಗುಡ್ಡಗಳು ಸದ್ದಿಲ್ಲದೆ ಹಿಂದಕ್ಕೆ ತೇಲುತ್ತಿದ್ದವು. ನೋಡುತ್ತ ನೋಡುತ್ತ ರಸ್ತೆಯೇ ಕೆರೆ ಕೆಳಗಿನ ಕೆಸರುಗದ್ದೆಯಾಯಿತು, ಕಾರೇ ಅವನ ಟ್ರ್ಯಾಕ್ಟರ್ ಆಯಿತು. ಎಷ್ಟು ಮೆತ್ತಗೆ ಹೋಗುತ್ತಿದೆ!

ಗೋಪಾಲಪ್ಪ ದಡಕ್ಕನೆ ಎದ್ದು ಕೂತ. "ಅರೆರೆ, ಟ್ರ್ಯಾಕ್ಟರಿಗೆ ಮಾಡೋದ್ನೇ ಇದ್ಕೂ ಮಾಡಿದ್ರಾಯ್ತು!"

ಟ್ರ್ಯಾಕ್ಟರ್ ಇಟ್ಟಿರುವ ರೈತರಿಗೆ ಈ ವಿಷಯ ಗೊತ್ತು. ಗದ್ದೆಗೆ ಇಳಿಸುವ ಮೊದಲು ದೊಡ್ಡ ಚಕ್ರಗಳ ಗಾಳಿ ಸ್ವಲ್ಪ ಇಳಿಸುತ್ತಾರೆ. ಚಕ್ರ ಅಗಲವಾಗಿ ಕೂರುತ್ತದೆ, ಮಣ್ಣಲ್ಲಿ ಹೂತುಕೊಳ್ಳುವುದಿಲ್ಲ. ಗೋಪಾಲಪ್ಪ ಪ್ರಾಯದಿಂದಲೂ ಹಾಗೆ ಮಾಡಿಯೇ ಉತ್ತವನು. ಈಗ ಅದೇ ಕೈ ಕಾರಿನ ಚಕ್ರದ ಮುಚ್ಚಳ ತಿರುಗಿಸಿತು. ಒಂದು ಕಡ್ಡಿ ಒತ್ತಿದ. ಸುಯ್ಯೆಂದು ಗಾಳಿ ಹೊರಟಿತು. ನಾಲ್ಕು ಚಕ್ರದ್ದೂ ಒಂದಿಷ್ಟು ಇಳಿಸಿದ. ಹಿಂದುಗಡೆ ಎಡಚಕ್ರದ ಹತ್ತಿರ ಬಂದಾಗ ಕೈ ನಿಂತಿತು. ಮಗಳು ಕೂರುವುದು ಇಲ್ಲೇ ಅಲ್ಲವೇ? "ನನ್ ಕೂಸು, ಪಾಪ" ಎಂದುಕೊಂಡು ಅದರದ್ದು ಇನ್ನಷ್ಟು ಇಳಿಸಿದ. ಆಮೇಲೆ ಕಾರನ್ನು ಕೈಯಿಂದ ಅಲುಗಾಡಿಸಿ ನೋಡಿದ. ಹಾಸಿಗೆಯ ಹಾಗೆ ಮೆತ್ತಗಾಗಿತ್ತು. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಬೆಳಿಗ್ಗೆ ಎದುರು ಮನೆಯ ಚಂದ್ರಲೇಖಾ ತನ್ನ ವ್ಯಾನಿನ ಸುತ್ತ ತಿರುಗುತ್ತಿದ್ದಳು. ಅವಳು ಆ ಮನೆಯ ಸೊಸೆ, ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನ್ ಓಡಿಸುತ್ತಾಳೆ. ದಿನವೂ ವ್ಯಾನ್ ಹತ್ತುವ ಮೊದಲು ಪ್ರತಿ ಚಕ್ರಕ್ಕೂ ಗಾಳಿ ಅಳೆಯುವ ಗೇಜು ಇಟ್ಟು ನೋಡುವುದು ಅವಳ ಪದ್ಧತಿ. ಆ ಕಡೆಯಿಂದಲೇ ಅವಳ ಕಣ್ಣು ಬಿಳಿ ಕಾರಿನ ಮೇಲೆ ಬಿತ್ತು.

"ಮಾವ, ಹಿಂದ್ಗಡೆ ಚಕ್ರ ಹೊಟ್ಟೆ ಬಿಟ್ಕೊಂಡೈತಲ್ಲ! ಪಂಕ್ಚರ್ ಆಗೈತಾ?"

"ಇಲ್ ಕಣಮ್ಮ, ನಾನೇ ಇಳ್ಸಿದ್ದು" ಎಂದ ಗೋಪಾಲಪ್ಪ ನಗುತ್ತ. "ಗಂಗಾದೇವಿನ ಕರ್ಕೊಂಡ್ ಬರ್ಬೇಕಲ್ಲ, ಮೆತ್ತಗೆ ಹೋಗ್ಲಿ ಅಂತ."

ಚಂದ್ರಲೇಖಾ ಓಡಿಬಂದಳು. "ಅಯ್ಯೋ ಮಾವ, ಎಂಥ ಕೆಲ್ಸ ಮಾಡಿದ್ರಿ! ಗದ್ದೇಲಿ ಟ್ರ್ಯಾಕ್ಟರ್ ಆಮೆ ಹಂಗೆ ಹೋಗ್ತದೆ. ಹೈವೇಲಿ ಕಾರು ಹಂಗೆ ಹೋಗ್ತದಾ? ಟೊಮೆಟೊಗೆ ಕಟ್ಟೋ ತಂತಿನ ಮುರೀಬೇಕಾದ್ರೆ ಏನ್ ಮಾಡ್ತೀರಾ?"

"ಹಿಂದ್ಕೂ ಮುಂದ್ಕೂ ಬಗ್ಗಿಸ್ತೀನಿ."

"ಬಿಸಿಯಾಯ್ತದಾ ಇಲ್ವಾ?"

"ಆಯ್ತದೆ. ಆಮೇಲೆ ಕಟ್ಟಾಯ್ತದೆ."

"ಇದೂ ಹಂಗೇ ಕಣ್ ಮಾವ. ಗಾಳಿ ಕಮ್ಮಿ ಇದ್ರೆ ಟೈರ್‌ನ ಪಕ್ಕ ಒಂದೊಂದು ಸುತ್ತಿಗೂ ಬಗ್ತದೆ, ಏಳ್ತದೆ. ಒಳ್ಗೊಳ್ಗೆ ಕಾಯ್ತದೆ. ಹೊರಗೆ ಬಿಸಿಲು, ಕೆಳಗೆ ಟಾರು. ಸ್ಪೀಡಲ್ಲಿ ಹೋಗ್ತಾ ಹೋಗ್ತಾ ಡಬ್ ಅಂದ್ಬುಡ್ತದೆ. ಮೊದ್ಲು ಬಂಕಿಗೆ ಹೋಗಿ ಗಾಳಿ ಹಾಕ್ಸಿ."

ಗೋಪಾಲಪ್ಪನಿಗೆ ಸ್ವಲ್ಪ ಮುನಿಸು ಬಂತು. "ನೀನ್ ಹುಟ್ಟೋಕ್ ಮುಂಚೆಯಿಂದ ಟ್ರ್ಯಾಕ್ಟರ್ ಓಡಿಸ್ದೋನು ನಾನು. ರಾಹುಕಾಲ ಬರೋದ್ರೊಳ್ಗೆ ಹೊರಡ್ಬೇಕು. ಬಂಕ್‌ನಾಗೆ ಸಾಲು ನಿಂತ್ಕೊಂಡ್ರೆ ಅಷ್ಟೇಯ."

ಅಷ್ಟರಲ್ಲಿ ವ್ಯಾನಿನ ಹತ್ತಿರ ಮಕ್ಕಳು ಗಲಾಟೆ ಎಬ್ಬಿಸಿದ್ದರು. ಚಂದ್ರಲೇಖಾ ಹೋಗಲೇಬೇಕಿತ್ತು. ಹೋಗುತ್ತ ಗೋಪಾಲಪ್ಪನ ಹೆಂಡತಿ ಗಂಗರತ್ನಮ್ಮನ ಕೈ ಹಿಡಿದು ಹೇಳಿದಳು: "ಅತ್ತೆ, ಗಾಡಿ ಒಂದ್ ಕಡೆಗೆ ಎಳದ್ರೆ, ಇಲ್ಲಾ ರಬ್ಬರ್ ಸುಟ್ಟ ವಾಸ್ನೆ ಬಂದ್ರೆ ನಿಲ್ಸಕ್ ಹೇಳಿ. ಮಾವ ಒಪ್ದಿದ್ರೂ ಬಿಡ್ಬೇಡಿ."

ಕಾರು ಹೊರಟಿತು. ಗಂಗರತ್ನಮ್ಮ ಒಬ್ಬಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಿಂದೆ, ಎಡಗಡೆಯೇ ಕೂತಳು. ಮಗಳಿಗೆ ಆ ಜಾಗ ಹೇಗಿರುತ್ತದೆ ನೋಡೋಣ ಎಂದು ಅವಳಿಗೂ ಆಸೆ. ಊರ ದಾರಿಯಲ್ಲಿ ಕಾರು ನಿಜವಾಗಿಯೂ ಮೆತ್ತಗೆ ಹೋಯಿತು. "ನೋಡ್ದೇನೇ?" ಎಂದು ಗೋಪಾಲಪ್ಪ ಕನ್ನಡಿಯಲ್ಲಿ ಮೀಸೆ ತಿರುವಿದ.

ಹೊಸೂರು ದಾಟಿ ದೊಡ್ಡ ರಸ್ತೆ ಸಿಕ್ಕಿತು. ಬಿಸಿಲೇರಿತು. ದೂರದಲ್ಲಿ ರಸ್ತೆಯ ಮೇಲೆ ನೀರು ನಿಂತಂತೆ ಕಾಣುತ್ತಿತ್ತು, ಹತ್ತಿರ ಹೋದರೆ ಇರುತ್ತಿರಲಿಲ್ಲ. ಮಾವಿನ ಲಾರಿಗಳು ಪಕ್ಕದಲ್ಲಿ ಹಾದುಹೋದಾಗ ಕಾರಿನ ತುಂಬ ಹಣ್ಣಿನ ಪರಿಮಳ ತುಂಬಿಕೊಳ್ಳುತ್ತಿತ್ತು. ಗೋಪಾಲಪ್ಪನ ಮನಸ್ಸು ಮತ್ತೆ ಜಾರಿತು. ಮೊಮ್ಮಗು ಬಂದೇ ಬಿಟ್ಟಿತ್ತು, ಅವನ ಬೆರಳು ಹಿಡಿದು ಕೋಸಿನ ತೋಟದಲ್ಲಿ ತಪ್ಪುಹೆಜ್ಜೆ ಇಡುತ್ತಿತ್ತು, ಹಳದಿ ಚಿಟ್ಟೆಗಳ ಹಿಂದೆ ಬೀಳುತ್ತಿತ್ತು. ಕಾರು ಎಡಕ್ಕೆ ಎಳೆಯುತ್ತಿದೆ ಎಂದು ಕೈಗೆ ಗೊತ್ತಾಗುತ್ತಿತ್ತು. ಹೊರಗೆ ಗಾಳಿ ಜೋರಾಗಿ ಬೀಸುತ್ತಿರಬೇಕು ಎಂದುಕೊಂಡ. ಏನೋ ಸುಟ್ಟ ವಾಸನೆಯೂ ಬಂತು. ಸೂಳಗಿರಿ ಹತ್ತಿರ ಈಗ ಎಲ್ಲಿ ನೋಡಿದರೂ ಫ್ಯಾಕ್ಟರಿ, ಅವುಗಳದ್ದೇ ಹೊಗೆ ಎಂದುಕೊಂಡ.

"ಇಲ್ನೋಡಿ, ನಿಲ್ಸಿ" ಎಂದಳು ಗಂಗರತ್ನಮ್ಮ.

"ಫ್ಯಾಕ್ಟರಿ ವಾಸ್ನೆ ಕಣೇ ಅದು."

"ಫ್ಯಾಕ್ಟರಿ ಆಗ್ಲೇ ಹಿಂದಕ್ಕೋಯ್ತು. ಈ ವಾಸ್ನೆ ನಮ್ ಜೊತೇಲೇ ಬತ್ತಾ ಐತೆ. ನಿಲ್ಸಿ ಅಂದ್ರೆ ನಿಲ್ಸಿ!"

ಮದುವೆಯಾದಾಗಿನಿಂದ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದಿಲ್ಲ. ಗೋಪಾಲಪ್ಪನ ಕನಸು ಹರಿಯಿತು. ನಾಲ್ಕು ಕಡೆಯ ದೀಪ ಮಿಣುಕಿಸುತ್ತ, ವೇಗ ಇಳಿಸಿ, ಪಕ್ಕದ ಸರ್ವಿಸ್ ರಸ್ತೆಗೆ ಬಂದ. ಅಲ್ಲೇ ಎದುರಿಗೆ ಒಂದು ಪಂಕ್ಚರ್ ಅಂಗಡಿ. ತೆವಳಿದ ಹಾಗೆ ಅಲ್ಲಿಗೆ ಹೋಗಿ ನಿಲ್ಲಿಸಿದ. ಇಳಿದು ಹಿಂದಿನ ಎಡಚಕ್ರ ಮುಟ್ಟಿದವನು ಕೈ ಹಿಂದಕ್ಕೆಳೆದುಕೊಂಡ. ಕಾದ ಹೆಂಚು ಮುಟ್ಟಿದಂತಿತ್ತು.

"ಎನ್ನಣ್ಣಾ, ಕಾತ್ತೇ ಇಲ್ಲೈಯೇ!" ಎಂದು ತಮಿಳಿನಲ್ಲಿ ಶುರುಮಾಡಿದ ಅಂಗಡಿಯ ಶ್ಯಾಮಣ್ಣ, ಇವರ ಮಾತು ಕೇಳಿ ಕನ್ನಡಕ್ಕೆ ಹೊರಳಿದ. "ಗಾಳಿ ಅರ್ಧಾನೂ ಇಲ್ವಲ್ಲಣ್ಣ. ಹಿಂಗೇ ಹೈವೇಲಿ ಬಂದ್ಯಾ?"

ಗೋಪಾಲಪ್ಪ ನೀರಿನ ಬಾಟಲಿ ತೆಗೆದು ಚಕ್ರಕ್ಕೆ ಸುರಿಯಲು ಹೋದ. ಅಷ್ಟರಲ್ಲಿ ಗಂಗರತ್ನಮ್ಮ, ಆಗಲೇ ಮಕ್ಕಳನ್ನು ಶಾಲೆಗೆ ಬಿಟ್ಟಿದ್ದ ಚಂದ್ರಲೇಖಾಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ್ದಳು. "ನೀರು ಹಾಕ್ಬೇಡಿ ಮಾವ! ತಾನೇ ತಣ್ಣಗಾಗ್ಲಿ. ಆ ಟೈರ್ ಬಿಚ್ಚಿ ಒಳಗೆ ನೋಡೋಕೆ ಹೇಳಿ, ಸ್ಟೆಪ್ನಿ ಹಾಕ್ಸಿ" ಎಂದು ಫೋನಿನೊಳಗಿಂದ ಅವಳ ದನಿ ಬಂತು.

ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿ ಸತ್ತಿತ್ತು. ಕೊಂಡಾಗಿನಿಂದ ಅದರ ಮುಖ ನೋಡಿದವರಿಲ್ಲ. ಶ್ಯಾಮಣ್ಣ ಅದಕ್ಕೆ ಗಾಳಿ ತುಂಬಿಸಲು ಹಚ್ಚಿ, ತಣಿದ ಟೈರನ್ನು ಬಿಚ್ಚಿದ. ಒಳಗೆ ಕೈ ಹಾಕಿ ಬಳಿದು, ಗೋಪಾಲಪ್ಪನ ಅಂಗೈಗೆ ಸುರಿದ. ಕಪ್ಪು ಪುಡಿ. ನುಣ್ಣಗೆ, ಇದ್ದಿಲ ಪುಡಿಯ ಹಾಗೆ.

"ಇದೇನು?"

"ನಿನ್ ಟೈರೇ ಅಣ್ಣ. ಒಳ್ಗಿಂದ ಸವೆದು ಪುಡಿಯಾಗೈತೆ. ಪಕ್ಕ ನೋಡು, ಸುತ್ತಾ ಹೆಂಗೆ ಬಿರುಕು ಬಿಟ್ಟೈತೆ. ಇನ್ನೊಂದಷ್ಟು ದೂರ ಹೋಗಿದ್ರೆ ಒಡ್ದೋಗ್ತಿತ್ತು."

ಗೋಪಾಲಪ್ಪ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. ಮಧ್ಯಾಹ್ನ ಇದೇ ರಸ್ತೆಯಲ್ಲಿ, ಇದಕ್ಕಿಂತ ಸುಡುವ ಬಿಸಿಲಲ್ಲಿ, ಈ ಚಕ್ರದ ಮೇಲೆ ಮಗಳು ಕೂತಿರುತ್ತಿದ್ದಳು. ಹೊಟ್ಟೆಯಲ್ಲಿ ಕೂಸು. ಪಕ್ಕದಲ್ಲಿ ಲಾರಿಗಳು. ಎಲ್ಲ ಚಕ್ರಗಳಿಗಿಂತ ಇದರದ್ದೇ ಗಾಳಿ ಹೆಚ್ಚು ಇಳಿಸಿದ್ದು ತಾನೇ, ಅದೂ ಪ್ರೀತಿಯಿಂದ. ಅವನಿಗೆ ಅಳು ಬಂತು, ಹೆಂಡತಿಯ ಮುಂದೆ ಮುಚ್ಚಿಡಲೂ ಇಲ್ಲ.

"ಏನೂ ಆಗ್ಲಿಲ್ವಲ್ಲ, ಏಳಿ" ಎಂದು ಗಂಗರತ್ನಮ್ಮ ಸೆರಗಿನಿಂದ ಅವನ ಅಂಗೈ ಒರೆಸಿದಳು.

ಎದ್ದ ಗೋಪಾಲಪ್ಪನಿಗೆ ಈಗ ಇನ್ನೊಂದು ಹುಚ್ಚು. "ಶ್ಯಾಮಣ್ಣ, ಎಲ್ಲಾದ್ಕೂ ಗಟ್ಟಿಯಾಗಿ ತುಂಬ್ಬುಡಪ್ಪ. ಎಷ್ಟ್ ಹಿಡಿಸ್ತದೋ ಅಷ್ಟು!"

ಫೋನಿನಲ್ಲಿ ಚಂದ್ರಲೇಖಾ ನಕ್ಕೇ ಬಿಟ್ಟಳು. "ಅದೂ ತಪ್ಪೇ ಮಾವ. ಜಾಸ್ತಿಯಾದ್ರೆ ಗಾಡಿ ಎಗರ್ತದೆ, ಬ್ರೇಕ್ ಸರ್ಯಾಗಿ ಹಿಡಿಯಲ್ಲ. ಡ್ರೈವರ್ ಬಾಗ್ಲು ತೆಗ್ದು ಅಂಚಿನಾಗೆ ನೋಡಿ, ಎಷ್ಟ್ ಗಾಳಿ ಇರ್ಬೇಕು ಅಂತ ಒಂದು ಚೀಟಿ ಅಂಟ್ಸಿರ್ತಾರೆ."

ಇತ್ತು. ಇಷ್ಟು ಕಾಲ ದಿನವೂ ತೆಗೆದು ಮುಚ್ಚುತ್ತಿದ್ದ ಬಾಗಿಲಿನಲ್ಲೇ ಇತ್ತು. ಮೇಲೆ ಅರಿಶಿನ ಕುಂಕುಮ ಮೆತ್ತಿಕೊಂಡಿತ್ತು. ಗೋಪಾಲಪ್ಪ ಉಗುರಿನಿಂದ ಕೆರೆದು ಓದಿದ: ಮೂವತ್ತಮೂರು.

"ನಿಮ್ ಗಾಡಿಗೆ ಅಷ್ಟೇ. ಬೇರೆ ಗಾಡಿಗೆ ಬೇರೆ ಇರ್ತದೆ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ನೋಡ್ಬೇಕು. ಓಡಿಸಿ ಬಿಸಿಯಾದ್ಮೇಲೆ ಅಳೆದ್ರೆ ಜಾಸ್ತಿ ತೋರಿಸ್ತದೆ, ಹೆದ್ರಿ ಇಳಿಸ್ಬುಟ್ಟೀರಾ! ಈಗ ಬಿಸಿ ಐತಲ್ಲ, ಸದ್ಯಕ್ಕೆ ಆ ಲೆಕ್ಕಕ್ಕಿಂತ ಕಮ್ಮಿ ಆಗ್ದಂಗೆ ಹಾಕ್ಸಿ, ನಾಳೆ ಬೆಳಿಗ್ಗೆ ನನ್ ಗೇಜಿನಾಗೆ ಸರಿಯಾಗಿ ನೋಡಣ."

"ಅದ್ ಸರಿ ತಾಯಿ. ಅಕಸ್ಮಾತ್ ಓಡ್ತಾ ಒಡ್ದೋದ್ರೆ ಏನ್ ಮಾಡ್ಬೇಕು? ಅದ್ನೂ ಹೇಳ್ಬುಡು."

"ಬ್ರೇಕ್ ಮೇಲೆ ಎಗರ್ಬೇಡಿ. ಸ್ಟೀರಿಂಗ್ ಎರಡೂ ಕೈಯಾಗೆ ಗಟ್ಟಿಯಾಗಿ, ನೇರವಾಗಿ ಹಿಡ್ಕೊಳ್ಳಿ. ಆಕ್ಸಿಲೇಟರ್‌ನಿಂದ ಕಾಲು ಮೆಲ್ಲಗೆ ತೆಗೀರಿ. ಗಾಡಿ ತಾನೇ ನಿಧಾನ ಆದ್ಮೇಲೆ ಪಕ್ಕಕ್ಕೆ ತಗೊಳ್ಳಿ."

ಶ್ಯಾಮಣ್ಣ ಸ್ಟೆಪ್ನಿ ಹಾಕಿ, ಉಳಿದ ಮೂರು ಟೈರುಗಳ ಪಕ್ಕ ಸವರಿ, ಪೆಟ್ಟಾಗಿಲ್ಲ ಎಂದು ನೋಡಿ, ಗಾಳಿ ತುಂಬಿಸಿದ. ಅಲ್ಲಿಂದ ಕೃಷ್ಣಗಿರಿಯವರೆಗೆ ಗೋಪಾಲಪ್ಪ ಎಡಪಕ್ಕದಲ್ಲೇ ನಿಧಾನವಾಗಿ ಹೋದ. ಊರು ಸೇರಿದವನು ಮೊದಲು ಹೋಗಿದ್ದು ಬೀಗರ ಮನೆಗಲ್ಲ, ಟೈರ್ ಅಂಗಡಿಗೆ. ಹಿಂದಿನ ಎಡಗಡೆಗೆ ಹೊಸ ಟೈರ್ ಹಾಕಿಸಿದ ಮೇಲೆಯೇ ಮಗಳ ಬಾಗಿಲಿಗೆ ಕಾರು ತಂದ.

ಅಳಿಯ ಚಲಪತಿ ದಿಂಬು ತಂದಿಟ್ಟ. ಗಂಗಾದೇವಿ ಕೂತಳು. ತಾಯಿ ಸೀಟ್ ಬೆಲ್ಟ್ ಹಾಕಿಕೋ ಎಂದಾಗ, "ಬೇಡಮ್ಮ, ಹೊಟ್ಟೆ ಒತ್ತುತ್ತೆ" ಎಂದಳು. ಗಂಗರತ್ನಮ್ಮ ತಾನೇ ಕೆಳಗಿನ ಪಟ್ಟಿಯನ್ನು ಹೊಟ್ಟೆಯ ಅಡಿಗೆ, ತೊಡೆಯ ಬುಡಕ್ಕೆ ಬರುವಂತೆ ಸರಿಸಿದಳು. ಮೇಲಿನದನ್ನು ಹೊಟ್ಟೆಗೆ ತಾಕದ ಹಾಗೆ ಎದೆಯ ನಡುವೆ ತಂದಳು. "ಹಿಂಗ್ ಹಾಕ್ಕೊಂಡ್ರೆ ಒತ್ತಲ್ಲ. ನಿನ್ಗೂ ಕಾವಲು, ನಿನ್ ಕೂಸಿಗೂ ಕಾವಲು."

ದಾರಿಯುದ್ದಕ್ಕೂ ಗಂಗಾದೇವಿ ನಿದ್ದೆ ಹೋದಳು. ಸಂಜೆಯ ಬಿಸಿಲು ಬಂಡೆಗುಡ್ಡಗಳ ಮೇಲೆ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಗೋಪಾಲಪ್ಪನಿಗೂ ಆ ಚೆಲುವಿನಲ್ಲಿ ಕರಗಿಹೋಗುವ ಆಸೆ, ಆದರೆ ಕಣ್ಣು ರಸ್ತೆ ಬಿಡಲಿಲ್ಲ. ಬಾಗಲೂರು ದಾಟಿ ಮೊದಲ ಗುಂಡಿ ಸಿಕ್ಕಾಗ ಮಗಳಿಗೆ ಎಚ್ಚರವಾಯಿತು.

"ಅಪ್ಪಾ, ಸ್ವಲ್ಪ ಎತ್ತಾಕ್ತು."

"ಇನ್ನೂ ನಿಧಾನಕ್ಕೆ ಹೋಗ್ತೀನಿ ಮಗಳೇ" ಎಂದ ಗೋಪಾಲಪ್ಪ. "ಮೆತ್ತಗಿರ್ಬೇಕಾದ್ದು ನನ್ ಕಾಲು. ಚಕ್ರ ಅಲ್ಲ."

ಅವನು ಗುಂಡಿ ಗುಂಡಿಗೂ ಕಾರನ್ನು ಹೆಚ್ಚುಕಡಿಮೆ ನಿಲ್ಲಿಸಿ, ಇಳಿಸಿ, ಹತ್ತಿಸಿ ತಂದ. ಹಿಂದೆ ಬಂದ ಬೈಕಿನವರು ಹಾರ್ನ್ ಹೊಡೆದು ಬೈದುಕೊಂಡು ಹೋದರು. ಅವನು ತಿರುಗಿಯೂ ನೋಡಲಿಲ್ಲ. ಮನೆ ಮುಂದೆ ಗಂಗಾದೇವಿ ನಗುತ್ತ ಇಳಿದು, ಹೊಟ್ಟೆಯೊಳಗಿನ ಕೂಸು ಒದ್ದಿತೆಂದು ಅಮ್ಮನ ಕೈ ಎಳೆದು ಅಲ್ಲಿಟ್ಟುಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಮನೆಯವರ ಮೇಲೆ ನಮಗೆ ಪ್ರೀತಿ ಕಡಿಮೆ ಇಲ್ಲ. ಆದರೆ ಟೈರಿಗೆ ಅದು ತಿಳಿಯುವುದಿಲ್ಲ, ಅದಕ್ಕೆ ಬೇಕಾದದ್ದು ಸರಿಯಾದ ಗಾಳಿ. ನಿಮ್ಮ ಕಾರಿನ ಬಾಗಿಲಲ್ಲಿರುವ ಚೀಟಿಯನ್ನು ಇವತ್ತೇ ಓದಿಕೊಳ್ಳಿ. ಹದಿನೈದು ದಿನಕ್ಕೊಮ್ಮೆ, ದೂರ ಹೊರಡುವ ಮೊದಲಂತೂ ತಪ್ಪದೆ, ಸ್ಟೆಪ್ನಿಯೂ ಸೇರಿ ಐದೂ ಟೈರುಗಳ ಗಾಳಿ ನೋಡಿ. ಟೈರ್ ಸವೆದಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಹಿಂದೆ ಕೂತವರೂ ಬೆಲ್ಟ್ ಹಾಕಲಿ. ಕಾರು ಎಳೆದರೆ, ವಾಸನೆ ಬಂದರೆ, ಜೊತೆಯಲ್ಲಿದ್ದವರು ನಿಲ್ಲಿಸಿ ಎಂದರೆ, ವಾದ ಮಾಡದೆ ನಿಲ್ಲಿಸಿ. ನಾಳೆ ಬೆಳಿಗ್ಗೆ ಎಲ್ಲಿಗಾದರೂ ಹೊರಡುವವರಿದ್ದರೆ, ರಾಹುಕಾಲ ನೋಡುವ ಹೊತ್ತಿನಲ್ಲೇ ಗಾಳಿಯನ್ನೂ ನೋಡಿ ಹೊರಡಿ.