ಸುದ್ದಿ ತಿಳಿಯದ ಮರ

ನಮ್ಮ ತೋಟದಲ್ಲಿ ಇಪ್ಪತ್ತಾರು ಮರಗಳಿವೆ. ಅತ್ತೆ ತೀರಿಕೊಂಡ ದಿನ ಇಪ್ಪತ್ತೈದು ಮರಗಳಿಗೆ ಸುದ್ದಿ ಮುಟ್ಟಿಸಿದೆ. ಒಂದಕ್ಕೆ ಮುಟ್ಟಿಸಲಿಲ್ಲ.

ಹ್ವೆ ಊರಿನ ಈ ಹೊಳೆದಂಡೆಯಲ್ಲಿ ಮನೆಯ ಹಿರಿಯರು ಹೋದರೆ ನಾವು ತಲೆಗೆ ಬಿಳಿ ಪಟ್ಟಿ ಕಟ್ಟಿಕೊಳ್ಳುತ್ತೇವೆ, ತೋಟದ ಮರಗಳಿಗೂ ಕಟ್ಟುತ್ತೇವೆ. ಬರೀ ಕಟ್ಟಿದರೆ ಸಾಲದು. ಕಾಂಡವನ್ನು ಮೂರು ಸಲ ತಟ್ಟಿ, ಯಜಮಾನಿ ಹೋದರು, ನೀನು ಇರು ಅಂತ ಬಾಯಿಬಿಟ್ಟು ಹೇಳಬೇಕು. ಹೇಳದೆ ಬಿಟ್ಟರೆ ಮರ ಹೋದವರ ದಾರಿ ಕಾಯುತ್ತದೆ, ಕಾದು ಕಾದು ಒಣಗುತ್ತದೆ. ಸೊಸೆ ಅಂದಮೇಲೆ ಆ ಕೆಲಸ ನನ್ನದೇ. ಸೊಸೆಯರ ಪಾಲಿಗೆ ಇಂಥ ಕೆಲಸಗಳೇ ಬರುತ್ತವೆ.

ನನ್ನ ಅತ್ತೆ ಥಿನ್ ಅಜ್ಜಿ ಯಾವುದನ್ನೂ ಕೊನೇ ಗಳಿಗೆಗೆ ಬಿಟ್ಟವರಲ್ಲ. ತಮ್ಮ ಶವಪೆಟ್ಟಿಗೆಯನ್ನು ಏಳು ವರ್ಷ ಮೊದಲೇ ಮಾಡಿಸಿ, ಖಾಲಿ ಯಾಕಿರಬೇಕು ಅಂತ ಅದರಲ್ಲಿ ಅಕ್ಕಿ ತುಂಬಿಟ್ಟಿದ್ದರು. ಮರಗಳಿಗೆ ಕಟ್ಟುವ ಪಟ್ಟಿಗಳನ್ನೂ ತಾವೇ ಕತ್ತರಿಸಿ, ಒಂದೊಂದರ ಮೂಲೆಗೂ ನೀಲಿ ದಾರದಲ್ಲಿ ಮೂರು ಹೊಲಿಗೆ ಹಾಕಿ, ಗಂಟುಕಟ್ಟಿ ಬೀರುವಿನಲ್ಲಿಟ್ಟಿದ್ದರು. ಆ ಗಂಟು ಹಿಡಿದು ನಾನು ಅವರು ದಿನಾ ತೋಟ ಸುತ್ತುತ್ತಿದ್ದ ಹಾದಿಯಲ್ಲೇ ಹೊರಟೆ. ಗೇಟಿನ ಬಳಿಯ ಹಲಸಿನಿಂದ ಶುರು, ಬಾವಿಯ ಪಕ್ಕದ ಚಕ್ಕೋತಕ್ಕೆ ಮುಕ್ತಾಯ. ಚಕ್ಕೋತದ ಹತ್ತಿರ ಬಂದು ನೋಡಿದರೆ ಕೈಯಲ್ಲಿ ಪಟ್ಟಿ ಇಲ್ಲ. ಒಂದು ಕಮ್ಮಿ ಬಿದ್ದಿತ್ತು.

ಒಳಗೆ ಹೋಗಿ ಇನ್ನೊಂದು ಹರಿದು ತರೋಣ ಅಂದುಕೊಂಡೆ. ಅಷ್ಟರಲ್ಲಿ ತುತ್ತೂರಿಯವರು ಬಂದರು, ಅವರ ಹಿಂದೆ ಗುಡಿಯವರು, ಅವರ ಹಿಂದೆ ಅರ್ಧ ಊರು. ಮೂರು ದಿನ ಒಲೆಯ ಮುಂದಿನಿಂದ ಏಳಲಾಗಲಿಲ್ಲ.

ನಾಲ್ಕನೇ ಬೆಳಗ್ಗೆ ಬಾವಿಯ ಕಟ್ಟೆಯ ಮೇಲೆ ಬಂದು ಕೂತೆ. ಎರಡನೇ ಚಾಂದ್ರಮಾಸದ ನಡು, ಚಕ್ಕೋತ ಹೂ ಬಿಡುವ ಕಾಲ. ಹೊಳೆಯಿಂದೆದ್ದ ಮಂಜು ಬೇಲಿ ದಾಟಿ ಒಳಗೆ ಬಂದು ನಿಂತಿತ್ತು. ತೋಟದ ತುಂಬ ಬಿಳಿ ಪಟ್ಟಿ ಕಟ್ಟಿಕೊಂಡ ಮರಗಳು ತಲೆ ತಗ್ಗಿಸಿ ನಿಂತಿದ್ದವು. ಈ ಚಕ್ಕೋತ ಮಾತ್ರ ಏನೂ ಆಗಿಲ್ಲವೆಂಬಂತೆ ಮೈತುಂಬ ಹೂ ಬಿಟ್ಟು ಗಮಗಮ ಅನ್ನುತ್ತಿತ್ತು. ದಿನಾ ಬೆಳಗ್ಗೆ ಅತ್ತೆ ಇದರ ಕೆಳಗೆ ಕೂತು ತಾವರೆ ಚಹಾ ಕುಡಿದು, ಗಸಿಯನ್ನು ಇದರ ಬುಡಕ್ಕೇ ಸುರಿಯುತ್ತಿದ್ದರು. ಈವತ್ತು ಯಾಕೋ ತಡವಾಯಿತು, ಇನ್ನೇನು ಬಂದುಬಿಡುತ್ತಾರೆ ಎಂದು ಅದು ನಂಬಿಕೊಂಡಿತ್ತು. ಅದನ್ನು ನೋಡುತ್ತಾ ನೋಡುತ್ತಾ ನನಗೂ ಹಾಗೇ ಅನ್ನಿಸಿತು. ಅಡುಗೆಮನೆಯ ಕಡೆಯಿಂದ ಅವರ ಮರದ ಚಪ್ಪಲಿಯ ಟಕಟಕ ಸದ್ದು ಕೇಳಿದ ಹಾಗಾಯಿತು. ಸತ್ಯವಾಗಿ ಹೇಳುತ್ತೇನೆ, ನಾನು ಎದ್ದು ಅವರಿಗೆ ಜಾಗ ಬಿಟ್ಟೆ.

ಅಂದಿನಿಂದ ಆ ಮರಕ್ಕೆ ಪಟ್ಟಿ ಕಟ್ಟಲಿಲ್ಲ. ಮೊದಲು ಬಿಟ್ಟುಹೋಗಿತ್ತು, ಆಮೇಲೆ ನಾನೇ ಬಿಟ್ಟೆ. ಈ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಾಗದೆ ಇರಲಿ ಅಂದುಕೊಂಡೆ.

ನಾನು ಅತ್ತಿರಲೂ ಇಲ್ಲ. ನನ್ನ ಸ್ವಭಾವವೇ ಅಂಥದ್ದು. ನನ್ನ ಅಪ್ಪ ಸಮುದ್ರದ ಕಡೆಯ ಊರಲ್ಲಿ ಸತ್ತಾಗ ಏಳು ದಿನ ಬಂದವರಿಗೆಲ್ಲ ಬೇಯಿಸಿ ಹಾಕಿ, ಒಣ ಕಣ್ಣಲ್ಲೇ ವಾಪಸು ಬಂದಿದ್ದೆ. ಮೂರು ತಿಂಗಳಾದ ಮೇಲೆ ಒಂದು ದಿನ ಕುಂಬಳಕಾಯಿ ಹೆಚ್ಚುತ್ತಾ ಹೆಚ್ಚುತ್ತಾ ಗೋಳೋ ಅಂತ ಅತ್ತುಬಿಟ್ಟೆ. ಅತ್ತೆ ಏನಾಯಿತೆಂದು ಕೇಳಲೇ ಇಲ್ಲ. ನನ್ನ ಕೈಯಿಂದ ಕತ್ತಿ ತೆಗೆದುಕೊಂಡು ಉಳಿದದ್ದನ್ನು ತಾವೇ ಹೆಚ್ಚಿದರು.

"ನಿಂಗೆ ಸುದ್ದಿ ಮುಟ್ಟೋಕೆ ನೂರು ದಿನ ಬೇಕು ಕಣೇ ಮಿಯೆನ್," ಎಂದರು. "ಅಳು, ಅಳು. ಸಾರಿಗೆ ಉಪ್ಪು ನಾನು ಹಾಕ್ತೀನಿ."

ಅಂಥವರು ಹೋಗಿದ್ದರು. ನಾನು ಬಾವಿಕಟ್ಟೆಯ ಮೇಲೆ ಕೂತು ಅವರಿಗೆ ವರದಿ ಒಪ್ಪಿಸುತ್ತಿದ್ದೆ. ಈವತ್ತು ನಿಮ್ಮ ಮಗ ದೋಣಿಯಲ್ಲಿ ಆರು ಜನ ಪ್ರವಾಸಿಗರನ್ನು ಊಟಕ್ಕೆ ಕರೆತಂದ, ಮೊದಲೇ ಹೇಳಲಿಲ್ಲ ನೋಡಿ. ಒಬ್ಬ ನಂಜಿಕೊಳ್ಳಲು ಇಟ್ಟ ಉಪ್ಪು ಮೀನಿನ ರಸವನ್ನು ನೀರೆಂದು ಕುಡಿದ. ನಿಮ್ಮ ಮಗಳು ಬಂದಿದ್ದಳು, ನನ್ನ ಸೀಗಡಿ ಕಡುಬು ದಪ್ಪವಾಯಿತಂತೆ, ಅವಳ ನಾಲಗೆಯೇ ದಪ್ಪ. ಹೀಗೆ. ಒಮ್ಮೊಮ್ಮೆ ಒಂದು ಎಸಳು ನನ್ನ ಕೈಯ ಬಟ್ಟಲಿಗೆ ಉದುರುತ್ತಿತ್ತು. ಅಷ್ಟು ಸಾಕಾಗುತ್ತಿತ್ತು ನನಗೆ.

ಬಟ್ಟಲಲ್ಲಿ ಹೆಚ್ಚಿನ ದಿನ ಇರುತ್ತಿದ್ದದ್ದು ಬರೀ ಬಿಸಿನೀರು. ತಾವರೆ ಚಹಾ ಉಳಿದಿದ್ದದ್ದು ಅತ್ತೆ ಕೈಯಾರೆ ಮಾಡಿದ ಕೊನೆಯ ಡಬ್ಬಿಯಲ್ಲಷ್ಟೇ. ಹಿಂದಿನ ಬೇಸಿಗೆಯಲ್ಲಿ ಅವರೇ ಸಂಜೆ ಹೊತ್ತು ಕೆರೆಗೆ ಹೋಗಿ, ಒಂದೊಂದು ಹೂವಿನ ಎದೆಯಲ್ಲೂ ಒಂದೊಂದು ಹಿಡಿ ಚಹಾ ಇಟ್ಟು ಎಸಳು ಕಟ್ಟಿ, ಬೆಳಗ್ಗೆ ಮತ್ತೆ ಹೋಗಿ ಬಿಚ್ಚಿ ತಂದದ್ದು. ಹಾಸಿಗೆ ಹಿಡಿದ ಮೇಲೆ ಆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಬಂದವರಿಗೆಲ್ಲ ಸುರೀಬೇಡ. ನೀನು ಕುಡಿ, ದಿನಕ್ಕೊಂದು ಚಿಟಿಕೆ. ಉಳಿಸೋಕೆ ಹೋಗ್ಬೇಡ, ವಾಸನೆ ಹೋಗುತ್ತೆ," ಎಂದಿದ್ದರು. ನಾನು ಅವರ ಮಾತು ಯಾವತ್ತು ಕೇಳಿದ್ದೆ? ನಾಲ್ಕು ದಿನಕ್ಕೊಮ್ಮೆ ಮಾತ್ರ ಒಂದು ಚಿಟಿಕೆ ತೆಗೆಯುತ್ತಿದ್ದೆ. ಅದು ಮುಗಿದರೆ ಅವರ ಕೈಯದ್ದು ಇನ್ನೇನೂ ಉಳಿಯುವುದಿಲ್ಲ.

ಮರ ಕಾಯಿ ಹಿಡಿಯಿತು, ನಿಂಬೆಯಷ್ಟಾದಾಗ ಎಲ್ಲವನ್ನೂ ಉದುರಿಸಿತು. ಮಳೆಗಾಲದಲ್ಲಿ ಎಲೆ ಹಳದಿಯಾಯಿತು. ಹೊಸ ವರ್ಷದ ತೆಟ್ ಹಬ್ಬದ ಹೊತ್ತಿಗೆ ಬೋಳಾಗಿ ನಿಂತಿತ್ತು. ನಾನು ಗೊಬ್ಬರ ಹಾಕಿದೆ, ನೀರು ಹಾಕಿದೆ, ಬುಡ ಬಿಡಿಸಿದೆ. ಅದಕ್ಕೆ ಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. ಅದೊಂದನ್ನು ಬಿಟ್ಟು ಎಲ್ಲ ಮಾಡಿದೆ.

ಅತ್ತೆಯ ವರ್ಷದ ತಿಥಿಗೆ ಎರಡು ದಿನ ಇರುವಾಗ ಹನೋಯಿಯಿಂದ ಒಬ್ಬಳು ಹುಡುಗಿ ಕಡುಬು ಸುತ್ತುವುದು ಕಲಿಯಲು ಬಂದಳು. ನಾದಿನಿ ಲಾಯ್ ಕೂಡ ತಿಥಿ ಕೆಲಸಕ್ಕೆಂದು ಆಚೆ ದಡದಿಂದ ಬಂದಿದ್ದಳು. ಮೂವರೂ ಜಗಲಿಯಲ್ಲಿ ಕೂತು ಬಾಳೆಲೆ ಒರೆಸುತ್ತಿದ್ದೆವು. ಹುಡುಗಿ ಕೆಲಸಕ್ಕಿಂತ ಹೆಚ್ಚು ಫೋಟೋ ತೆಗೆಯುತ್ತಿದ್ದಳು.

"ಆಂಟಿ, ಎಲ್ಲಾ ಮರಕ್ಕೂ ಬಟ್ಟೆ ಕಟ್ಟಿದೀರಲ್ಲ, ಆ ಬಾವಿ ಹತ್ರದ್ದಕ್ಕೆ ಮಾತ್ರ ಯಾಕೆ ಇಲ್ಲ?" ಎಂದಳು.

ಲಾಯ್ ಕತ್ತೆತ್ತಿ ನೋಡಿದಳು. ಒಂದು ವರ್ಷದಲ್ಲಿ ಅವಳು ಎಷ್ಟು ಸಲ ಬಂದು ಹೋಗಿದ್ದಳೋ, ಮನೆಯವರ ಕಣ್ಣಿಗೆ ಬೀಳದ್ದು ದಾರಿಹೋಕಳ ಕಣ್ಣಿಗೆ ಬಿತ್ತು. ಲಾಯ್ ಎಲೆ ಕೆಳಗಿಟ್ಟಳು.

"ಅತ್ತಿಗೆ, ಆ ಮರಕ್ಕೆ ಹೇಳೇ ಇಲ್ವಾ?"

"ಪಟ್ಟಿ ಸಾಲಲಿಲ್ಲ ಕಣೇ."

"ಅಮ್ಮ ಕತ್ತರಿಸಿದ್ದು ಸಾಲಲಿಲ್ವಾ? ಕೋಳಿಮರಿ ಎಣಿಸಿ ಮಲಗ್ತಿದ್ದವಳು ಅವ್ಳು! ಸಾಲ್ದಿದ್ರೆ ನಿಮ್ಮ ತಲೆಗೆ ಕಟ್ಕೊಂಡಿದ್ರಲ್ಲ, ಅದನ್ನೇ ಹರಿದು ಕಟ್ಬಹುದಿತ್ತು. ಒಂದು ವರ್ಷ ಆಯ್ತು ಅತ್ತಿಗೆ!"

"ಹೌದು, ಆಯ್ತು."

"ಹೌದು ಅಂತೆ. ಅಮ್ಮ ಸಾಕಿದ ಮರನ ನೀವು ಕೊಂದ್ರಿ ಕಣ್ರೀ."

ನಾನು ತಿರುಗಿ ಏನಾದರೂ ಅನ್ನುತ್ತೇನೆಂದು ಅವಳು ಕಾದಳು. ಬೇರೆ ದಿನವಾಗಿದ್ದರೆ ಬಿಡುತ್ತಿರಲಿಲ್ಲ. ಅವತ್ತು ಮುಂದಿನ ಎಲೆ ತೆಗೆದುಕೊಂಡು ಒರೆಸಿದೆ. ಹನೋಯಿ ಹುಡುಗಿ ಪಾಪ, ತಾನೇನೋ ತಪ್ಪು ಮಾತಾಡಿದೆನೆಂದು ತಲೆ ಬಗ್ಗಿಸಿ ನಾಲ್ಕು ಕಡುಬನ್ನು ತಲೆಕೆಳಗಾಗಿ ಸುತ್ತಿದಳು.

ಮಧ್ಯಾಹ್ನ ದೋಣಿ ಕಟ್ಟಿ ಬಂದ ನನ್ನ ಗಂಡ ಹ್ವಾನ್‌ಗೂ ವಿಷಯ ಗೊತ್ತಾಯಿತು. ಅವನು ಬೈಯಲಿಲ್ಲ. ಅವನು ಬೈದಿದ್ದರೆ ಹಗುರವಾಗುತ್ತಿತ್ತು. ಬಾವಿಯ ಬಳಿ ಹೋಗಿ ಒಂದು ಕೊಂಬೆಯ ತೊಗಟೆಯನ್ನು ಉಗುರಿನಲ್ಲಿ ಕೆರೆದ. ಒಳಗೆ ಕಂದು.

"ತಿಥಿಗೆ ಬಂದು ಹಿರಿಯರ ಪೀಠದಲ್ಲಿ ಕೂತ್ರೆ ಅಮ್ಮಂಗೆ ಎದುರಿಗೇ ಇದು ಕಾಣುತ್ತೆ," ಎಂದ. "ತಿಥಿ ದಿನ ಸತ್ತ ಮರ ತೋರಿಸೋದು ಬೇಡ. ನಾಡಿದ್ದು ಬೆಳಗ್ಗೆ, ಜನ ಬರೋದ್ರೊಳಗೆ ಕಡಿದುಬಿಡ್ತೀನಿ."

"ಇನ್ನೂ ಪೂರ್ತಿ ಒಣಗಿಲ್ಲ ರೀ."

"ಹಾಗಾದ್ರೆ ಏನು ಮಾಡ್ಬೇಕು ಅಂತ ನಿಂಗೆ ಗೊತ್ತಲ್ಲ. ಮಾಡು."

ಮಾಡಲಿಲ್ಲ. ಎರಡು ದಿನವೂ ಕೆಲಸದ ನೆಪ ಸಿಕ್ಕಿತು. ಎಳೆ ಅಂಜೂರ ಬೇಯಿಸಿ ಹಿಂಡಬೇಕು, ಎಳ್ಳು ಹುರಿಯಬೇಕು, ಅತ್ತೆಗೆ ಇಷ್ಟವಾದ ಮೆಣಸು ಹಾಕಿದ ಮೀನಿನ ಗೊಜ್ಜು ಸಣ್ಣ ಉರಿಯಲ್ಲಿ ಅರ್ಧ ದಿನ ಕುದಿಯಬೇಕು. ಕೆಲಸದ ನಡುವೆ ಕಿಟಕಿಯಿಂದ ನೋಡಿದರೆ ಬೇರೆಲ್ಲ ಚಕ್ಕೋತಗಳೂ ಹೂ ಬಿಟ್ಟಿದ್ದವು. ಗಾಳಿ ಬಂದರೆ ಮನೆಯೊಳಗೆಲ್ಲ ಆ ವಾಸನೆ. ಬಾವಿಯ ಪಕ್ಕದ್ದು ಮಾತ್ರ ಅಡುಗೆಮನೆಯ ಬಾಗಿಲ ಕಡೆ ಕೊಂಬೆ ಚಾಚಿ ಹಾಗೇ ನಿಂತಿತ್ತು. ಒಂದು ಸಲ, ನಿದ್ದೆಯಲ್ಲೋ ಎಚ್ಚರದಲ್ಲೋ ತಿಳಿಯದು, ಅದು ನನ್ನನ್ನೇ ಕೇಳಿದಂತಾಯಿತು. ಎಲ್ಲಿ ಅವರು? ನಾನು ಮುಖ ತಿರುಗಿಸಿ ಎಳ್ಳು ಹುರಿದೆ.

ತಿಥಿಯ ದಿನ ಬೆಳಕು ಹರಿಯುತ್ತಿದ್ದಂತೆ ಹ್ವಾನ್ ಗರಗಸಕ್ಕೆ ಎಣ್ಣೆ ಹಚ್ಚಲು ಕೂತ. ಲಾಯ್ ಪೀಠದ ಮುಂದೆ ಬಟ್ಟಲು ಜೋಡಿಸುತ್ತಿದ್ದಳು.

"ಅತ್ತಿಗೆ, ಅಮ್ಮನ ಚಹಾ ಇದೆಯಲ್ಲ, ಅದನ್ನೇ ಮಾಡಿ. ಅವಳ ತಿಥಿಗೆ ಅಂಗಡಿ ಪುಡಿ ಇಡೋದು ಬೇಡ."

"ತಳದಲ್ಲಿ ಸ್ವಲ್ಪವೇ ಇದೆ."

"ಇದ್ದಷ್ಟು ಹಾಕಿ. ಇನ್ಯಾರಿಗೆ ಉಳಿಸ್ತೀರಾ?"

ಡಬ್ಬಿ ತೆಗೆದು ಕೆಟಲಿನ ಮೇಲೆ ಬೋರಲು ಹಾಕಿದೆ. ಕೊನೆಯ ಚಹಾ ಉದುರಿತು. ಅದರ ಹಿಂದೆಯೇ ತಾವರೆ ಎಲೆಯ ಚೂರಿನಲ್ಲಿ ಮಡಿಸಿದ್ದ ಏನೋ ಒಂದು ಬಿತ್ತು.

ಬಿಚ್ಚಿದೆ. ಬಿಳಿ ಪಟ್ಟಿ. ಮೂಲೆಯಲ್ಲಿ ನೀಲಿ ದಾರದ ಮೂರು ಹೊಲಿಗೆ.

ಇಪ್ಪತ್ತಾರನೆಯದು.

ಡಬ್ಬಿಯ ಬಾಯಿಯೊಳಗೆ ಮತ್ತೆ ನೋಡಿದೆ. ಅದರಲ್ಲಿ ಎಷ್ಟು ಚಹಾ ಹಿಡಿಯುತ್ತದೆಂದು ಈ ಮನೆಯಲ್ಲಿ ಇಪ್ಪತ್ತು ವರ್ಷ ಚಹಾ ಮಾಡಿದ ನನಗೆ ಗೊತ್ತಿಲ್ಲವೇ? ದಿನಕ್ಕೊಂದು ಚಿಟಿಕೆಯಂತೆ ನೂರು ದಿನಕ್ಕೆ ಸರಿಯಾಗಿ ಬರುತ್ತದೆ. ನೂರನೇ ದಿನ ನಮ್ಮಲ್ಲಿ ಅಳು ನಿಲ್ಲಿಸುವ ದಿನ. ನನಗೆ ಅಂದು ಶುರುವಾಗುತ್ತದೆಂದು ಅವರಿಗೆ ಗೊತ್ತಿತ್ತು. ಯಾವ ಹಾದಿಯಲ್ಲಿ ತೋಟ ಸುತ್ತುತ್ತೇನೆ, ಯಾವ ಮರದ ಬಳಿ ಪಟ್ಟಿ ಕಮ್ಮಿ ಬೀಳುತ್ತದೆ, ಆಮೇಲೆ ಎಲ್ಲಿ ಹೋಗಿ ಕೂರುತ್ತೇನೆ, ಎಲ್ಲ ಗೊತ್ತಿತ್ತು. ತಮ್ಮ ಮರವನ್ನೇ ನನ್ನ ಪಕ್ಕದಲ್ಲಿ ಕೂರಿಸಿ ನೂರು ದಿನದ ರಜೆ ಕೊಟ್ಟು ಹೋಗಿದ್ದರು. ನಾನು ಜಿಪುಣಿ, ಚಿಟಿಕೆ ಚಿಟಿಕೆ ಉಳಿಸಿ ಅದನ್ನು ಒಂದು ವರ್ಷ ಎಳೆದಿದ್ದೆ. ಪಾಪ, ಆ ಮರ ನನ್ನ ಸಂಗಡ ಕಾದಿತ್ತು.

ಪಟ್ಟಿ ಹಿಡಿದು ಬಾವಿಯ ಕಡೆ ಓಡಿದೆ. ಮಂಜು ಇನ್ನೂ ಕರಗಿರಲಿಲ್ಲ. ಪಟ್ಟಿಯಿಂದ ತಾವರೆಯ ವಾಸನೆ ಬರುತ್ತಿತ್ತು, ಅಷ್ಟು ದಿನವಾದರೂ. ಕಾಂಡಕ್ಕೆ ಸುತ್ತಿ ಗಂಟು ಹಾಕಿ ಮೂರು ಸಲ ತಟ್ಟಿದೆ. ಬಾಯಿ ತೆರೆದರೆ ಮಾತು ಬೇರೆಯೇ ಬಂತು.

"ಅಮ್ಮಾ, ಹೇಳಿ ಹೋಗೋಕೇನಾಗಿತ್ತು ನಿಮಗೆ? ಡಬ್ಬಿ ತಳದಲ್ಲಿ ಇಡ್ತಾರಾ ಯಾರಾದ್ರೂ? ನಾನು ಉಳಿಸ್ತೀನಿ ಅಂತ ಗೊತ್ತಿರ್ಲಿಲ್ವಾ? ಎಲ್ಲಾ ಗೊತ್ತಿದ್ದವರಿಗೆ ಅದೊಂದು ಗೊತ್ತಿರ್ಲಿಲ್ವಾ?"

ಹಿಂದೆ ಗರಗಸ ಹಿಡಿದು ಹ್ವಾನ್ ಬಂದು ನಿಂತಿದ್ದ.

"ಯಾರ ಜೊತೆ ಮಾತಾಡ್ತಿದೀಯಾ?"

"ಮರಕ್ಕೆ ಸುದ್ದಿ ಹೇಳ್ತಿದೀನಿ."

"ಏನಂತ?"

ಒಂದು ವರ್ಷದಲ್ಲಿ ಆ ಮಾತನ್ನು ನಾನು ಗೇಟಿನ ಹಲಸಿಗೆ ಹೇಳಿದ್ದೆ, ಪೇರಲಕ್ಕೆ ಹೇಳಿದ್ದೆ, ಇಪ್ಪತ್ತೈದು ಮರಗಳಿಗೆ ಗಿಳಿಪಾಠ ಒಪ್ಪಿಸಿದ್ದೆ. ಒಬ್ಬ ಮನುಷ್ಯನ ಮುಖ ನೋಡಿಯೂ ಹೇಳಿರಲಿಲ್ಲ.

"ಅಮ್ಮ ಹೋದ್ರು ರೀ," ಎಂದೆ. "ಅಮ್ಮ ಹೋಗ್ಬಿಟ್ರು."

ಆ ಬುಡದಲ್ಲೇ ಕೂತು, ಅವತ್ತು ಕುಂಬಳಕಾಯಿಯ ಮುಂದೆ ಅತ್ತ ಹಾಗೆ, ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಲಾಯ್ ಸೌಟು ಹಿಡಿದು ಓಡಿ ಬಂದಳು. ಕಾಂಡದ ಮೇಲಿನ ಪಟ್ಟಿಯನ್ನೂ ಅದರ ನೀಲಿ ಹೊಲಿಗೆಯನ್ನೂ ನೋಡಿ, ಒಲೆಯ ಮೇಲಿದ್ದ ಗೊಜ್ಜು ನೋಡಿಕೊಳ್ಳಲು ವಾಪಸು ಹೋದಳು.

ತಾಯಿಯನ್ನು ಕಳೆದುಕೊಂಡು ವರ್ಷ ತುಂಬಿದ ನನ್ನ ಗಂಡ ಗರಗಸವನ್ನು ಹುಲ್ಲಿನ ಮೇಲಿಟ್ಟು, ಬಾವಿಕಟ್ಟೆಯ ಮೇಲೆ, ಅತ್ತೆ ಕೂರುತ್ತಿದ್ದ ಕಡೆಗೆ ಸ್ವಲ್ಪ ಜಾಗ ಬಿಟ್ಟು ಕೂತ.

"ಹೂಂ ಕಣೇ," ಎಂದ, ಆ ಸುದ್ದಿ ಅವನಿಗೂ ಈಗಷ್ಟೇ ಮುಟ್ಟಿದ ಹಾಗೆ. "ಹೋದ್ಲು."