ಅಲುಗದ ಮುಳ್ಳು

ಕಾರ್ಖಾನೆಯಲ್ಲಿ ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ನಾನು ‘ಏಳು ಕೇಜಿ’. ಬೆಂಕಿ ನಂದಿಸುವ ಪೈಪಿನಲ್ಲಿ ಒತ್ತಡ ಎಷ್ಟಿದೆ ಎಂದು ಯಾರು ಕೇಳಿದರೂ ನನ್ನ ಉತ್ತರ ಅದೊಂದೇ. ಹನ್ನೆರಡು ವರ್ಷ ಪಂಪ್ ಮನೆಯಲ್ಲಿ ಕೂತು, ಮೀಟರಿನ ಮುಳ್ಳು ನೋಡಿ, ಪುಸ್ತಕದಲ್ಲಿ ಬರೆದೆ. ಈ ಅಡ್ಡಹೆಸರಿಟ್ಟವರು ನನ್ನ ಭಾವ, ಅಕ್ಕನ ಗಂಡ. ಅವರೂ ಅಲ್ಲೇ ಬೆಂಕಿ ಕಾವಲಿನ ಕೆಲಸದಲ್ಲಿದ್ದರು.

ನಮ್ಮದು ನಾಲ್ಕು ಮಹಡಿಯ ಬಟ್ಟೆ ಹೊಲಿಯುವ ಕಾರ್ಖಾನೆ. ಅಂಗಳದ ಸುತ್ತ ನೆಲದಡಿ ಒಂದು ದೊಡ್ಡ ಪೈಪು. ಅದರಿಂದ ಕವಲೊಡೆದು ಮೆಟ್ಟಿಲ ಪಕ್ಕದಲ್ಲಿ ಮೇಲಿನವರೆಗೂ ಏರುವ ಇನ್ನೊಂದು. ಮಹಡಿಗೊಂದು ದಪ್ಪ ನಲ್ಲಿ, ಪಕ್ಕದ ಕೆಂಪು ಪೆಟ್ಟಿಗೆಯಲ್ಲಿ ಸುತ್ತಿಟ್ಟ ಹೋಸು. ತಿಂಗಳಿಗೊಮ್ಮೆ ಮೇಲಿನ ನಲ್ಲಿ ತೆರೆದು ನೀರು ಹಾರಿಸಿ ನೋಡಬೇಕು ಅನ್ನುವುದು ನಿಯಮ. ಹಾರಿಸಿದರೆ ಬಟ್ಟೆಯ ಕಟ್ಟುಗಳು ನೆನೆಯುತ್ತವೆ, ಮ್ಯಾನೇಜರು ವಾರವಿಡೀ ತಲೆ ತಿನ್ನುತ್ತಾನೆ. ಹಾಗಾಗಿ ನಾವು ನೀರನ್ನು ನೋಡುತ್ತಿರಲಿಲ್ಲ, ಮುಳ್ಳನ್ನು ನೋಡುತ್ತಿದ್ದೆವು. ಪಂಪ್ ಮನೆಯಲ್ಲಿ ಏಳು, ನಾಲ್ಕನೇ ಮಹಡಿಯಲ್ಲಿ ಐದೂವರೆ. ಅಷ್ಟಿದ್ದರೆ ಎಲ್ಲ ಸರಿ.

ಆವತ್ತು ಅಂಗಳದ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ವಾಷರ್ ಸವೆದಿತ್ತು. ಅದನ್ನು ಬದಲಿಸಲು ಅಂಗಳದ ಪೈಪನ್ನು ಖಾಲಿ ಮಾಡಬೇಕು. ಅದರ ಜೊತೆ ಮೇಲಿನ ನೀರೂ ಇಳಿದುಬಂದರೆ ಮತ್ತೆ ತುಂಬಿಸಿ ಗಾಳಿ ಬಿಡಿಸಲು ಅರ್ಧ ದಿನ ಹಾಳು. ಅದಕ್ಕೆ ನಾವೆಲ್ಲ ಮಾಡುತ್ತಿದ್ದ ಉಪಾಯವೊಂದಿತ್ತು. ಮೆಟ್ಟಿಲ ಬುಡದ ಗುಂಡಿಗಿಳಿದು, ಅಲ್ಲಿನ ವಾಲ್ವಿನ ಚಕ್ರವನ್ನು ಹದಿನಾಲ್ಕು ಸುತ್ತು ತಿರುಗಿಸಿ ಮುಚ್ಚುವುದು. ಮೇಲಿನ ನೀರು ಮೇಲೆಯೇ ನಿಲ್ಲುತ್ತದೆ. ನಾನೂ ಹಾಗೇ ಮಾಡಿದೆ. ವಾಷರ್ ಹಾಕಿ, ಅಂಗಳದ ಪೈಪು ತುಂಬಿಸಿ, ಚಕ್ರ ತೆರೆಯಲೆಂದು ಮತ್ತೆ ಗುಂಡಿಗಿಳಿದೆ. ಇನ್ನೂ ಕೈ ಹಾಕಿದ್ದೆನಷ್ಟೆ, ಮ್ಯಾನೇಜರು ಕೂಗಿದ. ನಮ್ಮ ಬಟ್ಟೆ ಕೊಳ್ಳುವ ಕಂಪನಿಯವರು ಬಂದಿದ್ದಾರೆ, ಬಂದು ಮೀಟರು ತೋರಿಸು ಅಂದ.

ಹೀಗೆ ಹೋಗಿ ಹಾಗೆ ಬಂದರಾಯಿತು ಎಂದು ಮೇಲೆ ಹತ್ತಿದೆ. ನಾಲ್ಕನೇ ಮಹಡಿಯ ಮುಳ್ಳು ಐದೂವರೆಯಲ್ಲಿ ಠೀವಿಯಿಂದ ನಿಂತಿತ್ತು. ಬಂದವರು ಬರೆದುಕೊಂಡರು, ನನ್ನ ಬೆನ್ನು ತಟ್ಟಿದರು. ನಾನೂ ಉಬ್ಬಿಹೋದೆ. ಅದು ದಾರಿ ಮುಚ್ಚಿದ ಪೈಪಿನೊಳಗೆ ಸಿಕ್ಕಿಬಿದ್ದ ನೀರಿನ ಒತ್ತಡ, ಅದರ ಹಿಂದೆ ಒಂದು ಹನಿಯೂ ಬರಲಾರದು ಎಂಬುದು ಈ ಬೋಳುತಲೆಗೆ ಹೊಳೆಯಲೇ ಇಲ್ಲ. ಕೆಳಗಿಳಿದಾಗ ಗುಂಡಿಯ ಮುಚ್ಚಳ ಹಾಕಿತ್ತು. ಪಕ್ಕದಲ್ಲಿ ಭಾವ ನಿಂತಿದ್ದರು.

“ಗುಂಡಿ ತೆರೆದಿಟ್ಟು ಮೆರೆಯೋಕೆ ಹೋಗಿದ್ಯಾ? ಯಾರಾದ್ರೂ ಬಿದ್ದು ಸೊಂಟ ಮುರ್ಕೊಂಡಿದ್ರೆ? ಕೆಲಸ ಮುಗೀತು ತಾನೆ?”

“ಮುಗೀತು ಭಾವ” ಅಂದೆ. ಚಕ್ರ ಇನ್ನೂ ಮುಚ್ಚಿಯೇ ಇದೆ ಎಂಬುದು ಮರೆತೇಹೋಗಿತ್ತು.

ಹನ್ನೊಂದು ದಿನವಾದ ಮೇಲೆ, ಊಟದ ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ, ನಾಲ್ಕನೇ ಮಹಡಿಯ ಇಸ್ತ್ರಿ ಮೇಜಿನ ಹತ್ತಿರ ಬೆಂಕಿ ಹತ್ತಿತು. ಹೆಚ್ಚಿನವರು ಊಟಕ್ಕೆ ಇಳಿದಿದ್ದರು. ಪ್ಯಾಕಿಂಗ್ ಕೋಣೆಯಲ್ಲಿ ಮೂವರು ಹೆಂಗಸರು ಉಳಿದಿದ್ದರು. ಭಾವ ಓಡಿಹೋಗಿ ಅವರನ್ನು ಹಿಂದಿಟ್ಟುಕೊಂಡು ಹೋಸು ಎಳೆದು ನಲ್ಲಿ ತೆರೆದರು. ನಾನು ಪಂಪ್ ಮನೆಯಲ್ಲಿ ದೊಡ್ಡ ಪಂಪು ಚಾಲೂ ಮಾಡಿದೆ. ವಾಕಿಟಾಕಿಯಲ್ಲಿ ಅವರ ದನಿ ಬಂತು.

“ಒಂದು ಬಕೆಟ್‌ನಷ್ಟು ಬಂದು ನಿಂತೋಯ್ತು ಕಣೋ. ಹಿಂದಿನ ಮೆಟ್ಟಿಲಿಂದ ಇವರನ್ನ ಇಳಿಸ್ಕೊಂಡು ಬರ್ಲಾ?”

ನಾನು ಮುಳ್ಳು ನೋಡಿದೆ. ಏಳು. ಅಲುಗಾಡದೆ ಏಳು. ಮೇಲೆ ನಲ್ಲಿ ತೆರೆದರೆ ಕೆಳಗಿನ ಮುಳ್ಳು ಒಮ್ಮೆಯಾದರೂ ಕುಸಿಯಲೇಬೇಕು. ಕುಸಿಯಲಿಲ್ಲವೆಂದರೆ ದಾರಿ ಮುಚ್ಚಿದೆ ಎಂದೇ ಅರ್ಥ. ಕೆಲಸಕ್ಕೆ ಸೇರಿದ ಮೊದಲ ವಾರ ನನಗೆ ಕಲಿಸಿದ ಪಾಠವದು. ಆದರೆ ಹನ್ನೆರಡು ವರ್ಷದಿಂದ ಅಲುಗದ ಮುಳ್ಳೆಂದರೆ ನನಗೆ ನೆಮ್ಮದಿ.

“ಪಂಪು ಓಡ್ತಾ ಇದೆ ಭಾವ. ಒತ್ತಡ ಸರಿಯಾಗಿದೆ, ನೀರು ಬಂದೇ ಬರುತ್ತೆ. ಅಲ್ಲೇ ನಿಂತ್ಕೊಳ್ಳಿ” ಅಂದೆ.

ಅಗ್ನಿಶಾಮಕ ದಳದವರು ಬಂದು ತಮ್ಮದೇ ನೀರಿನಿಂದ ಆರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಿಂದಿನ ಮೆಟ್ಟಿಲಿಗೆ ಹೊಗೆಯೂ ಹೋಗಿರಲಿಲ್ಲ. ನಾಲ್ವರೂ ಹೋಸಿನ ಪಕ್ಕದಲ್ಲೇ ಸಿಕ್ಕರು.

ಸಂಜೆಯ ಹೊತ್ತಿಗೆ ತನಿಖೆಗೆ ಬಂದ ಅಧಿಕಾರಿ ಗುಂಡಿಯ ಮುಚ್ಚಳ ಎತ್ತಿಸಿ ಚಕ್ರವನ್ನು ತೆರೆಯುವ ಕಡೆಗೆ ತಿರುಗಿಸಿದ. ಹದಿನಾಲ್ಕು ಸುತ್ತು ತಿರುಗಿತು. ಮುಚ್ಚಿದವನು ನಾನೇ ಎಂದು ಆಗ ನೆನಪಾಯಿತು. ಈ ಗುಂಡಿಯ ಹತ್ತಿರ ಕೊನೆಯ ಸಲ ಯಾರಿದ್ದರು ಎಂದು ಅವನು ಕೇಳಿದ. ಮುಚ್ಚಳ ಹಾಕುವಾಗ ಭಾವನನ್ನು ನೋಡಿದವರು ಹತ್ತು ಜನರಿದ್ದರು. ಹತ್ತೂ ಜನ ಹೇಳಿದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಸತ್ತವರಿಗೆ ಇನ್ನೇನು ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ನಷ್ಟವೆಲ್ಲ ಅಕ್ಕನದಾಯಿತು. ಸತ್ತ ಹೆಂಗಸರ ಮನೆಗಳೂ ಅಕ್ಕನ ಬೀದಿಯಲ್ಲೇ ಇದ್ದವು. ಒಬ್ಬಳ ತಾಯಿ ದಿನಾ ಬಂದು ಬಾಗಿಲೆದುರು ನಿಂತು, ನಿನ್ನ ಗಂಡ ನೀರು ಮುಚ್ಚಿಟ್ಟು ನನ್ನ ಮಗಳನ್ನು ಸುಟ್ಟ ಎಂದು ಶಪಿಸಿ ಹೋಗುತ್ತಿದ್ದಳು. ಅಂಗಡಿಯಲ್ಲಿ ಅಕ್ಕನನ್ನು ಕಂಡರೆ ಮಾತು ನಿಲ್ಲುತ್ತಿತ್ತು. ನಿನಗೆ ಹೇಳದೆ ಅವರು ಚಕ್ರ ಮುಟ್ಟುತ್ತಿದ್ದರೇನೋ ಎಂದು ಅಕ್ಕ ನನ್ನನ್ನೇ ಕೇಳಿದಳು. ಗೊತ್ತಿಲ್ಲ ಅಂದೆ. ಅವಳು ನಂಬಿದಳು. ನನ್ನನ್ನು ಎತ್ತಿ ಆಡಿಸಿದವಳು ಅವಳು.

ಒಂಬತ್ತನೇ ದಿನ ಅಧಿಕಾರಿ ಕರೆಸಿ, ನಾಳೆ ವರದಿ ಕಳಿಸುತ್ತೇನೆ, ಮುಚ್ಚಿದವನು ಎಂಬಲ್ಲಿ ನಿಮ್ಮ ಭಾವನ ಹೆಸರು ಬರುತ್ತದೆ ಅಂದ. ನಾನು ತಲೆಯಾಡಿಸಿ ಬಾಗಿಲವರೆಗೆ ಬಂದೆ. ವಾಪಸು ಹೋಗಿ ಕೂತು, ಚಕ್ರ ಮುಚ್ಚಿದವನು ನಾನೇ ಎಂದು ಹೇಳಿದೆ. ಅವನು ಬರೆದುಕೊಂಡ, ನಾನು ಸಹಿ ಹಾಕಿದೆ. ಅಲ್ಲಿಂದ ನೆಟ್ಟಗೆ ಅಕ್ಕನ ಮನೆಗೆ ಹೋದೆ.

ಅವಳು ಅಡುಗೆಮನೆಯ ನೆಲ ಒರೆಸುತ್ತಿದ್ದಳು. ವಾಲ್ವಿನ ವಿಷಯ ಹೇಳಿದೆ. ಬಟ್ಟೆ ಹಿಡಿದ ಕೈ ನಿಂತಿತು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ವಾಕಿಟಾಕಿಯ ಮಾತು ನನ್ನೊಬ್ಬನ ಕಿವಿಗೆ ಮಾತ್ರ ಬಿದ್ದದ್ದು. ಅದನ್ನೂ ಹೇಳಿದೆ. “ಇಳಿದು ಬರ್ಲಾ ಅಂತ ಕೇಳಿದ್ರು, ನಾನೇ ನಿಂತ್ಕೊಳ್ಳಿ ಅಂದೆ.”

ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಕೇಳಿದಳು. “ಅದಕ್ಕೆ ಅವರೇನಂದ್ರು?”

“ಸರಿ, ನೀನು ಹೇಳಿದ ಮೇಲೆ ಸರಿ ಅಂದ್ರು.”

ಅಕ್ಕ ಎದ್ದಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಚಪ್ಪಲಿ ಮೆಟ್ಟಿದಳು. ಎಲ್ಲಿಗೆ ಎಂದು ಕೇಳಿದೆ. ಅವಳು ಆಗಲೇ ಹೊಸ್ತಿಲು ದಾಟಿದ್ದಳು. ಅವಳ ಹಿಂದೆ ನಡೆದೆ. ನಡುಮಧ್ಯಾಹ್ನ, ಬೀದಿಯಲ್ಲಿ ಜನ ಇದ್ದರು, ನೋಡಿದರು. ನಾಲ್ಕನೇ ಮನೆಯ ಮುಂದೆ ನಿಂತು ಅಕ್ಕ ಕದ ತಟ್ಟಿದಳು. ದಿನಾ ಬಂದು ಶಪಿಸುತ್ತಿದ್ದ ಆ ತಾಯಿಯೇ ಬಾಗಿಲು ತೆರೆದಳು. ಅಕ್ಕನ ಮುಖ ಕಂಡದ್ದೇ ಅವಳ ಬಾಯಿ ಬಿಗಿಯಿತು.

ಅಕ್ಕ ಪಕ್ಕಕ್ಕೆ ಸರಿದು ನನ್ನನ್ನು ಮುಂದೆ ಬಿಟ್ಟಳು.

“ಹೇಳು” ಅಂದಳು. “ಇನ್ನೂ ಎರಡು ಮನೆ ಇದೆ.”