ನೆರಳನ್ನು ಕತ್ತರಿಸಬೇಡಿ

೧

ಈ ಕಥೆಯನ್ನು ಸ್ಕೂಟರಿನಿಂದ ಶುರುಮಾಡಲೋ ದೋಸೆಯಿಂದಲೋ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಸ್ಕೂಟರಿನಿಂದ ಶುರುವಾದರೆ ನೀವು ಕೂತಲ್ಲಿಂದ ಏಳುವುದಿಲ್ಲ ನಿಜ, ಆದರೆ ಅದು ಅಷ್ಟು ಬೇಗ ಬಂದುಬಿಟ್ಟರೆ ಆಮೇಲೆ ನನ್ನ ಬಳಿ ಏನು ಉಳಿಯುತ್ತದೆ? ದೋಸೆಯಿಂದ ಶುರುವಾದರೆ ನೀವು ಎದ್ದು ಅಡುಗೆಮನೆಗೆ ಹೋಗುವ ಅಪಾಯವಿದೆ.

(ಹೋಗಿ ಬನ್ನಿ. ನಾನೂ ಒಂದು ಲೋಟ ಕಾಫಿ ಮಾಡಿಕೊಳ್ಳುತ್ತೇನೆ.)

ಮೊದಲು ಬರೆದ ವಾಕ್ಯ ಹೀಗಿತ್ತು: ‘ಹೇಮಶ್ರೀ ಕಿಟಕಿಯ ಬಳಿ ನಿಂತು ದೂರಕ್ಕೆ ನೋಡುತ್ತಿದ್ದಳು.’ ನನ್ನ ಕಥೆಗಳ ಹೆಂಗಸರು ಇಪ್ಪತ್ತು ವರ್ಷದಿಂದ ಕಿಟಕಿಯ ಬಳಿಯೇ ನಿಂತಿದ್ದಾರೆ. ಕಾಲು ನೋವು ಬಂದಿರಬೇಕು. ಹೇಮಶ್ರೀ ಓದಿ ನಕ್ಕಳು.

"ಮೇಡಂ, ನಮ್ಮನೆ ಇರೋದು ಬಸವೇಶ್ವರನಗರದಲ್ಲಿ. ಕಿಟಕಿ ತೆಗೆದ್ರೆ ಪಕ್ಕದ್ಮನೆ ಬಾತ್‌ರೂಮ್ ಗೋಡೆ. ದೂರ ಎಲ್ಲಿಂದ ನೋಡ್ಲಿ?"

ಹೊಡೆದು ಹಾಕಿದೆ.

೨

ಹೇಮಶ್ರೀ ಫ್ರೀಲಾನ್ಸ್ ಫೋಟೋಗ್ರಾಫರ್. ವಯಸ್ಸು ನಲವತ್ತಮೂರು. ಮದುವೆ, ಸೀಮಂತ, ನಾಮಕರಣ, ಗೃಹಪ್ರವೇಶ, ಯಾವ ಸ್ಟುಡಿಯೋದವರು ಕರೆದರೂ ಹೋಗುತ್ತಾಳೆ. ಫ್ರೀಲಾನ್ಸ್ ಎಂದರೇನು ಎಂದು ಕೇಳಿದ್ದಕ್ಕೆ, "ಫೋಟೋ ತೆಗೆಯೋದು ನಾನು, ಮೂಲೆಯಲ್ಲಿ ಸ್ಟುಡಿಯೋ ಹೆಸರು. ಅಷ್ಟೇ ಮೇಡಂ" ಎಂದಿದ್ದಳು. ರಾಜಾಜಿನಗರದಿಂದ ಕೆಂಗೇರಿಯವರೆಗೆ ಎಷ್ಟೋ ಮನೆಗಳ ಗೋಡೆಯ ಮೇಲೆ ಅವಳು ತೆಗೆದ ವಧೂವರರು ನಗುತ್ತಿದ್ದಾರೆ. ಒಂದರ ಕೆಳಗೂ ಅವಳ ಹೆಸರಿಲ್ಲ. ಅವಳು ಇದನ್ನು ದುಃಖದಿಂದ ಹೇಳಲಿಲ್ಲ. ದುಃಖವನ್ನು ಸೇರಿಸಲು ಹೊರಟದ್ದು ನಾನು. ಅವಳು ಕೈ ಹಿಡಿದು ತಡೆದಳು.

ಆಷಾಢದಲ್ಲಿ ಮದುವೆಗಳಿಲ್ಲ. ಊರಿಗೆಲ್ಲ ಅಶುಭವಾದ ಆ ತಿಂಗಳು ಮದುವೆ ಫೋಟೋಗ್ರಾಫರುಗಳಿಗೆ ಬೇಸಿಗೆ ರಜೆ. ಪಶ್ಚಿಮ ಬೆಂಗಳೂರಿನ ಹತ್ತಾರು ಜನ ಸೇರಿ ‘ಆಷಾಢ ಬ್ಯಾಚ್’ ಎಂದು ಒಂದು ಗುಂಪು ಮಾಡಿಕೊಂಡಿದ್ದಾರೆ. ಭಾನುವಾರ ಬೆಳಿಗ್ಗೆ ಯಾವುದಾದರೊಂದು ಬೀದಿ ಹಿಡಿದು ನಡೆಯುತ್ತಾರೆ, ಯಾರೂ ದುಡ್ಡು ಕೊಡದ ಫೋಟೋಗಳನ್ನು ತೆಗೆಯುತ್ತಾರೆ, ದರ್ಶಿನಿಯಲ್ಲಿ ನಿಂತು ಒಬ್ಬರದ್ದನ್ನೊಬ್ಬರು ಬೈಯುತ್ತಾರೆ. ತಿಂಗಳ ಕೊನೆಗೆ ಒಂದು ಪ್ರದರ್ಶನ. ಅದು ನಡೆಯುವುದು ವಿಜಯನಗರದ ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿ. ಆಷಾಢದಲ್ಲಿ ಅದೂ ಖಾಲಿ, ಮಾಲೀಕರು ಹಾಗೇ ಬಿಟ್ಟುಕೊಡುತ್ತಾರೆ. ಒಬ್ಬರಿಗೆ ಒಂದೇ ಫೋಟೋ. ಕೆಳಗೆ ಒಂದು ಕಾರ್ಡು, ಕಾರ್ಡಿನಲ್ಲಿ ಒಂದೇ ಹೆಸರು. ಕೈತೊಳೆಯುವ ನಲ್ಲಿಗಳ ಪಕ್ಕದ ಗೋಡೆ ಮಾತ್ರ ಯಾರಿಗೂ ಬೇಡ.

ಹೇಮಶ್ರೀ ಈ ವರ್ಷ ಮೊದಲ ಸಲ ಬ್ಯಾಚು ಸೇರಿದ್ದಾಳೆ. ಅವಳಿಗೆ ಆ ಕಾರ್ಡು ಬೇಕು. ಇಡೀ ಕಥೆ ಇರುವುದೇ ಅಷ್ಟು. ಆದರೆ ಬೇಕು ಎಂದು ಅವಳ ಬಾಯಲ್ಲಿ ಹೇಳಿಸಲು ನಾನು ಪಟ್ಟ ಪಾಡನ್ನು ಮುಂದೆ ನೋಡುವಿರಂತೆ.

೩

ಮೂರನೆಯ ಭಾಗದಲ್ಲಿ ಹೇಮಶ್ರೀಯ ಗಂಡನನ್ನು ತಂದಿದ್ದೆ. ಅವನಿಗಿಲ್ಲಿ ಕೆಲಸವಿರಲಿಲ್ಲ. ಪಾಪ, ಒಳ್ಳೆಯ ಮನುಷ್ಯ. ವಾಪಸ್ ಆಫೀಸಿಗೆ ಕಳಿಸಿದೆ.

೪

ಈಗ ಸ್ಕೂಟರು.

ಅವತ್ತು ಬ್ಯಾಚು ವಿಜಯನಗರದ ಒಂದು ಮೈದಾನದಲ್ಲಿ ಸೇರಿತ್ತು. ಎಳೆ ಬಿಸಿಲಿತ್ತು. (ಆಷಾಢದಲ್ಲಿ ಬಿಸಿಲೇ ಎಂದು ಕೇಳಬೇಡಿ. ನೆರಳು ಬೇಕಾಗಿತ್ತು, ಬಿಸಿಲು ತಂದೆ.) ಹೇಮಶ್ರೀಯ ಗೆಳತಿ ಪ್ರಭಾ ಕುರುಬರಹಳ್ಳಿಯವಳು. ಹಸುಗೂಸುಗಳ ಫೋಟೋ ತೆಗೆಯುವುದರಲ್ಲಿ ಅವಳದ್ದು ಎತ್ತಿದ ಕೈ. ದನಿಯೂ ಹಾಗೇ, ಯಾವಾಗಲೂ ಎತ್ತಿದ್ದೇ. ಆ ದಿನ ಅವಳು ಬ್ಯಾಟರಿಯನ್ನು ಚಾರ್ಜರಿನಲ್ಲೇ ಮರೆತು ಬರೀ ಕ್ಯಾಮೆರಾ ಹೊತ್ತು ಬಂದಿದ್ದಳು. ಫೋಟೋಗ್ರಾಫರುಗಳೆಲ್ಲ ಒಮ್ಮೆಯಾದರೂ ಮಾಡಿರುವ, ಇನ್ನೊಬ್ಬರು ಮಾಡಿದಾಗ ಮಾತ್ರ ನಗುವ ತಪ್ಪು ಇದು.

"ಬಾರೇ, ನಂದ್ರಲ್ಲೇ ಇಬ್ರೂ ತೆಗಿಯೋಣ" ಎಂದಳು ಹೇಮಶ್ರೀ.

ಕ್ಯಾಮೆರಾ ಕೈ ಬದಲಾಯಿಸುವಾಗ ಈ ಜನ ಒಂದು ಪದ್ಧತಿ ಪಾಲಿಸುತ್ತಾರೆ. ತೆಗೆದುಕೊಳ್ಳುವವರು "ಬಂತು" ಎನ್ನುವವರೆಗೆ ಕೊಡುವವರು ಕೈಬಿಡುವಂತಿಲ್ಲ. ಬಿದ್ದರೆ ಎರಡು ಮದುವೆಯ ಸಂಪಾದನೆ ನೆಲದ ಪಾಲು. ಬೆಳಗಿನಿಂದ ಇವರಿಬ್ಬರ ನಡುವೆ "ಕೊಡೇ", "ತಗೊಳೇ", "ಬಂತು" ನಡೆಯುತ್ತಲೇ ಇತ್ತು.

ಮೈದಾನದಲ್ಲಿ ಯಶೋದಮ್ಮ ಎಂಬವರು ಸ್ಕೂಟರ್ ಕಲಿಯುತ್ತಿದ್ದರು. ಐವತ್ತು ದಾಟಿದವರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು, ತಲೆಗೆ ಮಗಳ ಗುಲಾಬಿ ಹೆಲ್ಮೆಟ್ಟು. ಮಗಳು ಅನು ಸ್ಕೂಟರನ್ನು ಹಿಂದಿನಿಂದ ಹಿಡಿದುಕೊಂಡು ಓಡುತ್ತಿದ್ದಳು.

"ಹಿಡ್ಕೊಂಡಿದೀಯೇನೇ?"

"ಹಿಡ್ಕೊಂಡಿದೀನಮ್ಮಾ! ನೀನು ಮುಂದೆ ನೋಡು!"

"ಬಿಡ್ಬೇಡ ಕಣೇ!"

"ಹಿಡ್ಕೊಂಡಿದೀನೀ..."

ಈ ಎರಡನೆಯ ಸಲದ ದನಿ ಬಹಳ ದೂರದಿಂದ ಬಂತು. ಯಶೋದಮ್ಮನಿಗೆ ಕಿವಿಯಲ್ಲೇ ಎಲ್ಲ ಗೊತ್ತಾಯಿತು. ಬಾಯಿ ತೆರೆಯಿತು. ಎರಡೂ ಕಾಲು ಅಗಲವಾಗಿ ಗಾಳಿಗೆ ಬಂದವು. ಸ್ಕೂಟರು ನೇರವಾಗಿ ಇವರಿಬ್ಬರ ಮೇಲೇ ಬರುತ್ತಿತ್ತು.

ಆ ಕ್ಷಣಕ್ಕೆ ಕ್ಯಾಮೆರಾ ಹೇಮಶ್ರೀಯಿಂದ ಪ್ರಭಾಳಿಗೋ ಪ್ರಭಾಳಿಂದ ಹೇಮಶ್ರೀಗೋ ದಾಟುತ್ತಿತ್ತು. ಅದರ ಮೇಲೆ ನಾಲ್ಕು ಕೈಗಳು. ಯಾರೂ "ಬಂತು" ಎನ್ನಲಿಲ್ಲ. ಇಬ್ಬರೂ "ಅಯ್ಯೋ" ಎಂದರು. ಕ್ಲಿಕ್ ಎಂದಿತು.

ಸ್ಕೂಟರು ಇಬ್ಬರನ್ನೂ ಸವರಿಕೊಂಡು ಹೋಗಿ ಮರಳಿನ ಗುಡ್ಡೆಯಲ್ಲಿ ಮೂತಿ ಹುಗಿದು ನಿಂತಿತು. ಯಶೋದಮ್ಮ ಬೀಳಲಿಲ್ಲ.

"ಹಿಡ್ಕೊಂಡಿದೀನಿ ಅಂದ್ಯಲ್ಲೇ ಮುಂಡೇದೇ!"

"ಹಿಡ್ಕೊಂಡಿಲ್ಲ ಅಂದಿದ್ರೆ ನೀನು ಓಡಿಸ್ತಿದ್ಯಾ?" ಎಂದಳು ಅನು, ಏದುಸಿರು ಬಿಡುತ್ತ.

ಯಶೋದಮ್ಮ ಸ್ವಲ್ಪ ಯೋಚಿಸಿ, ಹೆಲ್ಮೆಟ್ಟು ಸರಿಮಾಡಿಕೊಂಡು, "ಹಿಂದಕ್ಕೆ ಎಳಿ. ಇನ್ನೊಂದ್ಸಲ" ಎಂದರು.

೫

ದೋಸೆ.

ದರ್ಶಿನಿಯ ಮೇಜಿನ ಮೇಲೆ ಚಟ್ನಿಗೆ ತಾಗದಂತೆ ಲ್ಯಾಪ್‌ಟಾಪ್ ಇಟ್ಟು ಬ್ಯಾಚು ನೋಡಿತು. ಆ ಫೋಟೋ ಬಂದ ಕೂಡಲೇ ಎಲ್ಲರೂ ತಟ್ಟೆ ಸರಿಸಿ ಮುಂದಕ್ಕೆ ಬಾಗಿದರು. ಗುಲಾಬಿ ಹೆಲ್ಮೆಟ್ಟಿನೊಳಗೆ ಬಿಸಿಲು ಬಿದ್ದ ಮುಖ. ಅರ್ಧ ಭಯ, ಇನ್ನರ್ಧ ಹೇಳಲಾಗದ ಖುಷಿ. ಹಿಂದೆ ಎಲ್ಲೋ, ಸೊಂಟದ ಮೇಲೆ ಕೈಯಿಟ್ಟು ನಿಂತ ಮಗಳು. ಕೆಳಗೆ ಮಣ್ಣಿನ ಮೇಲೆ ಒಂದು ಉದ್ದ ನೆರಳು: ಎರಡು ತಲೆ, ಒಂದೇ ಮೈ, ನಡುವೆ ಕೈಗಳ ಗಂಟು. ಸ್ಕೂಟರಿನ ಮುಂದಿನ ಚಕ್ರ ಆ ನೆರಳಿನೊಳಗೆ ಆಗಲೇ ಕಾಲಿಟ್ಟಿತ್ತು.

"ಈ ವರ್ಷದ ಫೋಟೋ ಇದೇ" ಎಂದ ಗಿರಿರಾಜ್. ಮದುವೆ ಫೋಟೋದಲ್ಲೇ ತಲೆ ಹಣ್ಣಾದ ಅವನೇ ಬ್ಯಾಚಿನ ಹಿರಿಯ. "ನೆರಳು ಬಿದ್ದಿರೋದೊಂದು ತಪ್ಪಾಯ್ತು, ಆಮೇಲೆ ನೋಡೋಣ. ಯಾರು ತೆಗ್ದಿದ್ದು?"

ಹೇಮಶ್ರೀ ಪ್ರಭಾಳ ಮುಖ ನೋಡಿದಳು. ಪ್ರಭಾ ಹೇಮಶ್ರೀಯ ಮುಖ ನೋಡಿದಳು.

"ನಿಂದೇ ಕಣೇ" ಎಂದಳು ಹೇಮಶ್ರೀ.

ನೀವೂ ನಾನೂ ಬೆಳೆದ ಮನೆಗಳಲ್ಲಿ ಕೊನೆಯ ಹೋಳಿಗೆಯನ್ನು ಯಾರೂ ಮೊದಲ ಸಲಕ್ಕೇ ತೆಗೆದುಕೊಳ್ಳುವುದಿಲ್ಲ. ನೀನು ತಿನ್ನು, ಇಲ್ಲ ನೀನು ತಿನ್ನು, ಅಯ್ಯೋ ನಂಗೆ ಹೊಟ್ಟೆ ತುಂಬಿದೆ. ಇಷ್ಟು ಆದಮೇಲೆ ಹೋಳಿಗೆ ಮೊದಲೇ ಬಯಸಿದವರ ತಟ್ಟೆಗೆ ಬಂದು ಬೀಳುತ್ತದೆ. ಹೇಮಶ್ರೀ ಆಟ ಶುರುಮಾಡಿದ್ದಳು, ಅಷ್ಟೇ.

ಪ್ರಭಾ ದೋಸೆಯ ತುದಿ ಮುರಿದು ಬಾಯಿಗಿಟ್ಟುಕೊಂಡಳು.

"ಬಂತು" ಎಂದಳು.

೬

(ಇಲ್ಲಿ ಹೇಮಶ್ರೀ ಮನೆಗೆ ಹೋಗಿ ಒಬ್ಬಳೇ ಅತ್ತಳು ಎಂದು ಬರೆದಿದ್ದೆ. "ಅಳ್ಲಿಲ್ಲ ಮೇಡಂ. ಬೀನ್ಸ್ ಸೋಸ್ತಾ ಇದ್ದೆ" ಎಂದಳು. ಎಷ್ಟು ಸೋಸಿದೆ ಎಂದು ಕೇಳಿದೆ. ಮೂರು ದಿನಕ್ಕಾಗುವಷ್ಟು.)

"ಸರಿ, ನಾನು ಬರೆದುಬಿಡ್ತೀನಿ ಬಿಡು" ಎಂದೆ. "ಕಥೆ ನಂದು, ಬೆರಳೂ ನಾನು ಹೇಳಿದ ಹಾಗೆ. ಕೇಳು: ‘ಶಟರಿನ ಮೇಲೆ ಇದ್ದದ್ದು ಹೇಮಶ್ರೀಯ ತೋರುಬೆರಳು.’ ಮುಗೀತು."

"ನೀವು ಬರೆದ್ರೆ ನಂದಾಗ್ಬಿಡುತ್ತಾ? ಆಗ್ಲೂ ಮೂಲೆಯಲ್ಲಿ ನಿಮ್ಮ ಹೆಸರೇ ಇರುತ್ತೆ."

ಬರೆದದ್ದನ್ನು ಹೊಡೆದು ಹಾಕಿದೆ. ಕಥೆಯ ಮೇಲೆ ಯಾರ ಹೆಸರಿದೆ, ನೋಡಿದಿರಲ್ಲ.

"ಹಾಗಾದ್ರೆ ಹೋಗಿ ಕೇಳು. ನಂದೂ ಇರಬಹುದು ಅಂತ ಹೇಳು."

"ಕೊಟ್ಟಿದ್ದನ್ನ ವಾಪಸ್ ಹೆಂಗೆ ಕೇಳೋದು, ಮೇಡಂ?"

೬ (ಪ್ರಭಾಳ ಕಡೆಯಿಂದ)

ಅವಳನ್ನು ಸ್ವಾರ್ಥಿಯೆಂದು ಬರೆದರೆ ಕಥೆ ಸಲೀಸು. ಬರೆಯುವ ಮುಂಚೆ ಒಮ್ಮೆ ಮುಖ ನೋಡೋಣವೆಂದು ಕುರುಬರಹಳ್ಳಿಗೆ ಹೋದೆ. ಪ್ರಭಾಳ ಮನೆಯ ಹಾಲಿನಲ್ಲಿ ಹುಟ್ಟಿ ಕೆಲವೇ ದಿನವಾದ ಮಗುವೊಂದು ಹೂವಿನ ಬುಟ್ಟಿಯಲ್ಲಿ ಮಲಗಿತ್ತು. ಮಗುವಿನ ತಾಯಿ ಸೋಫಾದಲ್ಲಿ ತೂಕಡಿಸುತ್ತಿದ್ದಳು. ಪ್ರಭಾ ಅವಳಿಗೊಂದು ದಿಂಬು ಕೊಟ್ಟು, ನನ್ನನ್ನು ಕಂಡು ಬೆರಳನ್ನು ತುಟಿಯ ಮೇಲಿಟ್ಟಳು. ಬೀದಿಯ ಆ ಕೊನೆಗೆ ಕೇಳಿಸುವ ಹೆಂಗಸು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನನ್ನ ವಿಲನ್ ಮಾಡಕ್ಕೆ ಬಂದ್ರಾ?"

"ಫೋಟೋ ಅವಳದ್ದೂ ಇರಬಹುದಲ್ವಾ?"

"ಇರ್ಬಹುದು. ನಂದೂ ಇರ್ಬಹುದು. ದೇವರಾಣೆ ನಂಗೆ ಗೊತ್ತಿಲ್ಲ." ಬುಟ್ಟಿಯ ಅಂಚಿನಿಂದ ಇಳಿದಿದ್ದ ಪುಟ್ಟ ಕೈಯನ್ನು ಒಳಗಿಟ್ಟಳು. "ಮೇಡಂ, ಹೇಮಾ ಯಾವಾಗ್ಲೂ ಹಂಗೇ. ನೆರಳಿರೋ ಜಾಗ ನಂಗೆ, ಬಿಸಿಲು ಅವಳಿಗೆ. ಒಳ್ಳೆ ಪಾರ್ಟಿ ನಂಗೆ, ತಲೆನೋವಿನ ಪಾರ್ಟಿ ಅವಳಿಗೆ. ಕೊಟ್ಟು ಕೊಟ್ಟು ಅವಳು ದೊಡ್ಡೋಳಾಗ್ತಾಳೆ. ತಗೊಂಡು ತಗೊಂಡು ನಾನೇನಾದೆ?"

ಮಗು ಮುಲುಗಿತು. ಇಬ್ಬರೂ ಉಸಿರು ಹಿಡಿದೆವು.

"ಅದಕ್ಕೇ ಈ ಸಲ ತಗೊಂಡ್ಬಿಟ್ಟೆ. ಒಂದೇ ಒಂದ್ಸಲ ವಾಪಸ್ ಕೇಳ್ಲಿ. ಕೊಡೇ, ನಂದು ಅನ್ಲಿ. ಕಾಯ್ತಾ ಇದೀನಿ."

"ಕೇಳದಿದ್ರೆ?"

"ಆಗ ನನ್ನ ಹೆಸರೇ ಇರುತ್ತೆ. ಗೆಳತಿ ಮಾತ್ರ ಇರಲ್ಲ."

(ಇದನ್ನು ಹೇಮಶ್ರೀಗೆ ಹೋಗಿ ಹೇಳಿಬಿಡಬಹುದಿತ್ತು. ಲೇಖಕಿಗೆ ಅಷ್ಟು ಅಧಿಕಾರವಿದೆ. ಬಸ್ಸಿನಲ್ಲಿ ಬರುವಾಗ ಫೋನು ಎರಡು ಸಲ ಕೈಗೆತ್ತಿಕೊಂಡೆ. ಹೇಳಿದ್ದರೆ ಅವಳು ಕೇಳುತ್ತಿದ್ದುದು ಪ್ರಭಾಳಿಗಾಗಿ. ಅದೂ ಒಂದು ಕೊಡುಗೆಯೇ ಆಗುತ್ತಿತ್ತು.)

೭

ಮುಕ್ತಾಯ ಒಂದು: ಯಶೋದಮ್ಮ ಸ್ಕೂಟರ್ ಓಡಿಸಿಕೊಂಡು ಪ್ರದರ್ಶನಕ್ಕೆ ಬಂದು ತೀರ್ಪು ಕೊಡುತ್ತಾರೆ. ಕರೆದೆ. "ತೆಗೆದೋರು ಯಾರೋ ನಂಗೆ ಕಾಣ್ಲಿಲ್ಲಮ್ಮ, ಬ್ರೇಕ್ ಎಲ್ಲಿದೆ ಅಂತ ಹುಡುಕ್ತಿದ್ದೆ. ಆ ಕಾರ್ಡಲ್ಲಿ ನನ್ನ ಹೆಸರು ಬರುತ್ತೋ ಇಲ್ವೋ, ಅದನ್ನ ಹೇಳಿ" ಎಂದರು. ಕೈಮುಗಿದು ಕಳಿಸಿದೆ.

ಮುಕ್ತಾಯ ಎರಡು: ಕಾರ್ಡಿನಲ್ಲಿ ಇಬ್ಬರ ಹೆಸರೂ. ಚೆನ್ನಾಗಿದೆ, ನ್ಯಾಯವಾಗಿದೆ, ಓದಿದವರಿಗೆ ನೆಮ್ಮದಿ. ಆದರೆ ಹೇಮಶ್ರೀ ಬಾಯಿ ಬಿಡದೆಯೇ ಅರ್ಧ ಸಿಕ್ಕಿದಂತಾಯಿತು, ಅರ್ಧದಲ್ಲಿ ಅವಳು ಬೇಕಾದಷ್ಟು ಬದುಕಿದ್ದಾಳೆ. ಬೇಡ.

೮

ಪ್ರದರ್ಶನದ ದಿನ. ಬಾಗಿಲು ತೆರೆಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಊಟದ ಹಾಲಿನಲ್ಲಿ ಸಾರಿನ ಹಳೆಯ ವಾಸನೆ. ಉದ್ದದ ಮೇಜಿನ ಮೇಲೆ ಗಿರಿರಾಜ್ ಆ ಫೋಟೋದ ದೊಡ್ಡ ಪ್ರಿಂಟು ಹಾಸಿ, ನೆರಳಿನ ಮೇಲೆ ಸ್ಟೀಲ್ ಸ್ಕೇಲು ಅಡ್ಡ ಇಟ್ಟು, ಕಟರಿನ ಬ್ಲೇಡು ಹೊರತೆಗೆದ.

"ತೆಗೆಯೋರ ನೆರಳು ಫೋಟೋದಲ್ಲಿರಬಾರ್ದು. ಅ ಆ ಇ ಈ ಪಾಠ ಇದು. ಕೆಳಗಡೆ ಕತ್ತರಿಸಿಬಿಡ್ಲಾ? ಪ್ರಭಾ ಮೇಡಂ, ನಿಮ್ಮ ಫೋಟೋ, ನೀವು ಹೇಳಿ."

ಪ್ರಭಾ ಫೋಟೋ ನೋಡಲಿಲ್ಲ. ಹೇಮಶ್ರೀಯನ್ನು ನೋಡಿದಳು.

"ಕತ್ತರಿಸಿ ಸಾರ್. ನಂಗೇನು."

ಬ್ಲೇಡು ಸ್ಕೇಲಿಗೆ ತಾಗಿದ ಸದ್ದಾಯಿತು.

"ಬೇಡ!"

ಹೇಮಶ್ರೀಯ ದನಿ ಆ ಖಾಲಿ ಹಾಲಿನಲ್ಲಿ ನಲ್ಲಿಗಳವರೆಗೆ ಹೋಗಿ ವಾಪಸ್ ಬಂತು. ಅವಳೇ ಬೆಚ್ಚಿಬಿದ್ದಳು.

"ಕತ್ತರಿಸಬೇಡಿ ಗಿರಿ ಸಾರ್. ಅದ್ರಲ್ಲಿ... ಅದ್ರಲ್ಲಿ ನಾನಿದೀನಿ."

"ಎಲ್ಲಿದೀಯ?" ಪ್ರಭಾ ಹತ್ತಿರ ಬಂದಳು. "ತೋರಿಸು ನೋಡೋಣ. ಯಾವುದು ನೀನು?"

ಹೇಮಶ್ರೀ ನೆರಳಿನ ಮೇಲೆ ಬೆರಳಿಟ್ಟಳು. ಎಡದ ತಲೆಯ ಮೇಲೆ. ತೆಗೆದಳು. ಬಲದ ತಲೆಯ ಮೇಲೆ ಇಟ್ಟಳು. ಕೈಗಳ ಗಂಟಿನವರೆಗೆ ಬಂದು ಬೆರಳು ನಿಂತಿತು.

"ಇಬ್ಬರೂ ಸೇರಿ ನನ್ನ ಕೊಲ್ತೀರಾ" ಎಂದ ಗಿರಿರಾಜ್. ಬ್ಲೇಡು ಒಳಗೆಳೆದು, ಕಿವಿಯ ಮೇಲಿನ ಸ್ಕೆಚ್ ಪೆನ್ನು ತೆಗೆದು, ಬಿಳಿಯ ಕಾರ್ಡು ಮುಂದಿಟ್ಟುಕೊಂಡ. "ನೆರಳು ಇರ್ಲಿ. ಹೆಸರು ಹೇಳ್ರಮ್ಮ, ಜನ ಬರೋ ಹೊತ್ತಾಯ್ತು. ಯಾರ ಫೋಟೋ ಇದು?"

ಪ್ರಭಾ ಕೈಕಟ್ಟಿ ಹೇಮಶ್ರೀಯತ್ತ ತಿರುಗಿ ನಿಂತಳು.

ಹೇಮಶ್ರೀ ತಿರುಗಿ ನನ್ನನ್ನು ಹುಡುಕಿದಳು. ನಾನು ಅವಳ ಬೆನ್ನ ಹಿಂದೆಯೇ ಇದ್ದೆ. ಮೊದಲ ವಾಕ್ಯದಿಂದಲೂ ಇದ್ದೆ. ಅವಳು ಏನೆನ್ನಬೇಕೆಂದು ಮೂರು ಬಗೆಯಲ್ಲಿ ಬರೆದ ಹಾಳೆ ನನ್ನ ಚೀಲದಲ್ಲಿತ್ತು. ಒಂದರಲ್ಲಿ ಅವಳು ‘ನಂದು’ ಅನ್ನುತ್ತಾಳೆ. ಇನ್ನೆರಡು ನಿಮಗೆ ಬೇಡ.

"ಮೇಡಂ, ಇದೀರಾ?"

"ಇದೀನಿ. ನೀನು ಮುಂದೆ ನೋಡು."

ಅವಳು ಮುಂದೆ ನೋಡಿದಳು. ಉಸಿರು ಎಳೆದುಕೊಂಡಳು. ಬಾಯಿ ತೆರೆದಳು, ಥೇಟ್ ಗುಲಾಬಿ ಹೆಲ್ಮೆಟ್ಟಿನ ಯಶೋದಮ್ಮನ ಹಾಗೆ.

ನಾನು ಹಾಳೆಯನ್ನು ಚೀಲದಲ್ಲೇ ಬಿಟ್ಟು, ಸದ್ದಾಗದಂತೆ ಹಿಂದೆ ಸರಿದು, ಬಾಗಿಲು ದಾಟಿ, ಮೆಟ್ಟಿಲಿಳಿದು, ಚಪ್ಪಲಿ ಹುಡುಕಿ ಹಾಕಿಕೊಂಡೆ.

"ಬಿಡ್ಬೇಡಿ ಮೇಡಂ!" ಎಂಬ ದನಿ ಒಳಗಿನಿಂದ ಬಂತು.

"ಹಿಡ್ಕೊಂಡಿದೀನಿ ಕಣೇ" ಎಂದು ಕೂಗಿದೆ, ರಸ್ತೆಯ ಆಚೆಯಿಂದ.